ಹದಿನಾಲ್ಕನೇ ದಿನ ನೂರೆಂಬತ್ತು ಮಿಲಿಲೀಟರ್

ಆಸ್ಪತ್ರೆಯಲ್ಲಿ ಆಕೆಯನ್ನು ಎದುರಿಗೆ ‘ಅಕ್ಕ’ ಎನ್ನುತ್ತಿದ್ದರು, ಬೆನ್ನ ಹಿಂದೆ ‘ಉಚ್ಚೆ ಅಕ್ಕ’. ಅದು ಆಕೆಗೂ ಗೊತ್ತಿತ್ತು, ಬೇಜಾರೇನೂ ಇರಲಿಲ್ಲ. ನೆಲಮಾಳಿಗೆಯ ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ಜನರ ರಕ್ತವನ್ನೂ ಮೂತ್ರವನ್ನೂ ಗಿರ್ರನೆ ತಿರುಗಿಸಿ, ಯಂತ್ರಕ್ಕೆ ಉಣ್ಣಿಸಿ, ಬಂದ ಅಂಕಿಯನ್ನು ಮೇಲಿನ ಮಹಡಿಗೆ ಕಳಿಸುವುದು ಆಕೆಯ ಕೆಲಸ. ಇಷ್ಟು ವರ್ಷದಲ್ಲಿ ಸಾವಿರಾರು ಜನರ ಒಳಗುಟ್ಟು ತಿಳಿದುಕೊಂಡಿದ್ದರೂ ಅವರಲ್ಲಿ ಒಬ್ಬರ ಮುಖವನ್ನೂ ನೋಡಿರಲಿಲ್ಲ.

ಎರಡು ವರ್ಷದ ಹಿಂದೆ ಕಿಡ್ನಿ ಡಾಕ್ಟರಮ್ಮ ಲ್ಯಾಬಿಗೆ ಇಳಿದುಬಂದಳು. ಎರಡೆರಡು ಮೆಟ್ಟಿಲು ಹಾರಿಯೇ ಓಡಾಡುವ ಹೆಂಗಸು. ಕುರ್ಚಿ ತೋರಿಸಿದರೂ ಕೂರದೆ ಮೇಜಿನ ಅಂಚಿಗೆ ಒರಗಿ ವಿಷಯ ಹೇಳಿದಳು.

“ಅಕ್ಕ, ಐಸಿಯುನಲ್ಲಿ ಕಿಡ್ನಿ ನಿಂತುಹೋದವರಿಗೆ ಡಯಾಲಿಸಿಸ್ ಹಚ್ತೀವಿ. ಆಮೇಲೆ ಅವರ ಕಿಡ್ನಿ ತಾನಾಗಿ ಏಳುತ್ತೋ ಇಲ್ವೋ ಅಂತ ಮನೆಯವರು ಕೇಳ್ತಾರೆ. ನಾನು ಆಕಾಶ ನೋಡ್ತೀನಿ. ಕಿಡ್ನಿ ಸೋಸಿ ಹೊರಗೆ ಹಾಕಬೇಕಾದ ಕ್ರಿಯಾಟಿನಿನ್ ನೋಡೋಣ ಅಂದ್ರೆ ಅದನ್ನ ಯಂತ್ರವೇ ತೊಳೆದುಬಿಡುತ್ತೆ. ಅಂಕಿ ಇಳಿಸಿದ್ದು ಕಿಡ್ನಿಯೋ ಯಂತ್ರವೋ ಯಾರಿಗೆ ಗೊತ್ತು?”

“ಮತ್ತೆ ಏನು ನೋಡ್ಬೇಕು?”

“ಏಟು ತಿಂದ ಕಿಡ್ನಿ ನರಳ್ತಾ ಇರೋವಾಗ ರಕ್ತಕ್ಕೆ ಬಿಡೋ ಪ್ರೋಟೀನ್ ಒಂದಿದೆ. ಅದು ಯಂತ್ರದ ಜಾಲರಿಗೆ ಸಿಗಲ್ಲ. ಗಾಯ ಮಾಯ್ತಾ ಬಂದ ಹಾಗೆ ಅದು ಇಳೀಬೇಕು. ನಿಜವಾಗ್ಲೂ ಇಳಿಯುತ್ತಾ, ಇಳಿದವರು ಚೇತರಿಸ್ಕೊಳ್ತಾರಾ? ನೂರು ಜನರಲ್ಲಿ ನೋಡೋಣ.”

ಹಾಗೆ ಶುರುವಾದ ಅಧ್ಯಯನದಲ್ಲಿ ನಲವತ್ತೇಳನೆಯವನಾಗಿ ಬಂದವನು ಒಬ್ಬ ಬಸ್ ಡ್ರೈವರ್. ಐವತ್ತೊಂದು ವರ್ಷ, ಗಟ್ಟಿ ಆಳು. ಹೊಸ ಬೂಟು ಹಿಮ್ಮಡಿ ಕಚ್ಚಿ ಗುಳ್ಳೆ ಎದ್ದಿತ್ತು. ಗುಳ್ಳೆ ಒಡೆದು ಕೀವಾಗಿ, ಕೀವು ರಕ್ತಕ್ಕೆ ಸೇರಿ, ನಾಲ್ಕೇ ದಿನದಲ್ಲಿ ಮನುಷ್ಯ ಉಸಿರಾಟದ ಯಂತ್ರದ ಮೇಲೆ ಮಲಗಿದ್ದ. ಬಿ.ಪಿ. ಪಾತಾಳಕ್ಕಿಳಿದಾಗ ಎರಡೂ ಕಿಡ್ನಿ ಮುಷ್ಕರ ಹೂಡಿದವು. ಒಂದು ತೊಟ್ಟು ಮೂತ್ರವಿಲ್ಲ, ಡಯಾಲಿಸಿಸ್ ಹಚ್ಚಿದರು. ದಿನಾ ಹನ್ನೊಂದು ಗಂಟೆಗೆ ಅವನ ರಕ್ತದ ನಳಿಕೆ ಲ್ಯಾಬಿಗೆ ಬರುತ್ತಿತ್ತು. ಜೊತೆಗೆ ಮೂತ್ರದ ನಳಿಕೆಯೂ ಚೀಟಿ ಅಂಟಿಸಿಕೊಂಡು ಖಾಲಿಯಾಗಿಯೇ ಬರುತ್ತಿತ್ತು, ಎರಡನ್ನೂ ಕಳಿಸಬೇಕೆಂಬುದು ನಿಯಮ ನೋಡಿ. ಅಕ್ಕ ಅದನ್ನು ಬೆಳಕಿಗೆ ಹಿಡಿದು ‘ಮಾದರಿ ಇಲ್ಲ’ ಎಂದು ಬರೆಯುತ್ತಿದ್ದಳು.

ಹನ್ನೊಂದನೇ ದಿನ ಲ್ಯಾಬಿನ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಕೊರಳಲ್ಲಿ ಅಳತೆ ಟೇಪು ಜೋತುಬಿದ್ದಿತ್ತು. ಶಾಲೆ ಮಕ್ಕಳ ಯೂನಿಫಾರಂ ಹೊಲಿಯುವವಳು, ಅಂಗಡಿಯಿಂದ ನೇರ ಬಂದಿದ್ದಳು. ಟೇಪು ತೆಗೆಯುವುದು ಮರೆತಿತ್ತು.

“ಉಚ್ಚೆ ಅಕ್ಕ ಅಂದ್ರೆ ನೀವೇನಾ?” ಎಂದು ಕೇಳಿ, ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. “ತಪ್ಪಾಯ್ತು. ಮೇಲೆ ಸಿಸ್ಟರ್ ಹಾಗಂದ್ರು.”

“ನಾನೇ. ಒಳಗೆ ಬರಬೇಡಿ, ಅಲ್ಲೇ ನಿಂತು ಹೇಳಿ.”

“ನಾನು ಡ್ರೈವರ್ ಹೆಂಡ್ತಿ. ದೊಡ್ಡ ಡಾಕ್ಟರು ಇವತ್ತು ಕರೆದು ಮಾತಾಡಿದ್ರು. ಕಿಡ್ನಿ ಮೇಲಿನ ಆಸೆ ಬಿಡಿ, ಸೋಮವಾರ ಕುತ್ತಿಗೆಗೆ ಪರ್ಮನೆಂಟ್ ಪೈಪ್ ಹಾಕಿ ಬೇರೆ ಕಡೆ ಕಳಿಸ್ತೀವಿ, ವಾರಕ್ಕೆ ಮೂರು ದಿನ ಡಯಾಲಿಸಿಸ್, ಜೀವನಪೂರ್ತಿ ಅಂದ್ರು. ಕಿಡ್ನಿ ಡಾಕ್ಟರಮ್ಮ ಮಾತ್ರ ಲ್ಯಾಬ್ ಏನು ಹೇಳುತ್ತೆ ನೋಡೋಣ ಅಂತಾರೆ. ಲ್ಯಾಬ್ ಏನು ಹೇಳುತ್ತೆ?”

ಅಕ್ಕ ಕೈಯಲ್ಲಿದ್ದ ಕಾಗದ ಮಡಚಿಕೊಂಡಳು. ಅಂಕಿ ಹೇಳುವುದು ಡಾಕ್ಟರರಿಗೆ ಮಾತ್ರ. ಹೇಳಿದರೂ ಏನು ಹೇಳುವುದು? ಹತ್ತು ದಿನ ಬೆಟ್ಟ ಹತ್ತಿದ ಹಾಗೆ ಹತ್ತಿದ್ದ ಪ್ರೋಟೀನಿನ ಅಂಕಿ ಇವತ್ತು ಒಂದು ಕೂದಲೆಳೆಯಷ್ಟು ಇಳಿದಿತ್ತು. ಅದು ಇಳಿತವೋ, ಯಂತ್ರದ ಕೈನಡುಕವೋ?

“ಲ್ಯಾಬು ಇನ್ನೂ ಯೋಚನೆ ಮಾಡ್ತಾ ಇದೆ ತಾಯಿ,” ಎಂದಳು.

“ಬೇಗ ಮಾಡೋಕೆ ಹೇಳಿ. ನನ್ನ ಗಂಡನಿಗೆ ಕಾಯೋದು ಅಂದ್ರೆ ಆಗಲ್ಲ. ಸಿಗ್ನಲ್‌ನಲ್ಲೇ ಒದ್ದಾಡ್ತಾರೆ,” ಎಂದು ಆಕೆ ಹೋದಳು. ಹೋಗುವಾಗ ಕಣ್ಣು ಒರೆಸಿಕೊಂಡದ್ದು ಅಳತೆ ಟೇಪಿನ ತುದಿಯಲ್ಲಿ.

ಹನ್ನೆರಡನೇ ದಿನ ಇನ್ನೊಂದಿಷ್ಟು ಇಳಿಯಿತು. ಅಂದು ಡ್ರೈವರನ ಗಂಟಲ ಕೊಳವೆ ತೆಗೆದರು. ಉಸಿರು ತಾನೇ ಆಡತೊಡಗಿತು, ಮಾತು ಬಂತು, ಆದರೆ ಬಂದ ಮಾತಿಗೆ ತಲೆಬುಡ ಇರಲಿಲ್ಲ. ಹದಿಮೂರನೇ ದಿನ ಅಂಕಿ ಮತ್ತೂ ಕೆಳಗೆ. ಹದಿನಾಲ್ಕನೇ ದಿನ, ಶನಿವಾರ, ಯಂತ್ರ ಕಾರಿದ ಅಂಕಿ ನೋಡಿ ಅಕ್ಕ ಕುರ್ಚಿಯಿಂದ ಎದ್ದೇಬಿಟ್ಟಳು. ನಿನ್ನೆಯದರ ಅರ್ಧಕ್ಕಿಂತ ಕಡಿಮೆ! ಯಂತ್ರಕ್ಕೆ ಎಲ್ಲೋ ತಲೆ ಕೆಟ್ಟಿದೆ ಎಂದುಕೊಂಡು ಮತ್ತೆ ಹಾಕಿದಳು. ಅದೇ ಅಂಕಿ. ನಳಿಕೆಯ ಮೇಲಿನ ಸಂಖ್ಯೆ ಮೂರು ಸಲ ಓದಿದಳು: ನಲವತ್ತೇಳು, ನಲವತ್ತೇಳು, ನಲವತ್ತೇಳು. ಮೂರನೇ ಸಲ ಹಾಕಿದಾಗಲೂ ಯಂತ್ರ ಹಟ ಬಿಡಲಿಲ್ಲ.

ಡಾಕ್ಟರಮ್ಮನಿಗೆ ಫೋನ್ ಮಾಡಿದರೆ ಎಂಗೇಜು. ಐಸಿಯುಗೆ ಮಾಡಿದರೆ ಎತ್ತುವವರಿಲ್ಲ. ಅಕ್ಕ ಕಾಗದ ಹರಿದುಕೊಂಡು ಹೊರಗೆ ಬಂದಳು. ಲಿಫ್ಟು ಐದನೇ ಮಹಡಿಯಲ್ಲಿ ಹಾಯಾಗಿ ನಿಂತಿತ್ತು. ಮೊಣಕಾಲು ನೋವಿನ ಈ ಹೆಂಗಸು ನಾಲ್ಕು ಮಹಡಿ ಓಡಿಯೇ ಹತ್ತಿದಳು ಎಂದರೆ ಮನೆಯವರು ನಂಬಲಿಕ್ಕಿಲ್ಲ.

ಐಸಿಯು ಬಾಗಿಲಲ್ಲಿ ಕೊಟ್ಟ ಪಾದದ ಚೀಲಗಳಲ್ಲಿ ಒಂದನ್ನು ಹಾಕಿಕೊಂಡಳು, ಇನ್ನೊಂದು ಕೈಯಲ್ಲೇ ಉಳಿಯಿತು. ಒಳಗೆ ಆರನೇ ಹಾಸಿಗೆಯ ಸುತ್ತ ಸಣ್ಣ ಗಲಾಟೆ.

“ಒಂದಕ್ಕೆ ಹೋಗ್ಬೇಕು ಅಂದ್ನಲ್ಲ! ಎಷ್ಟು ಸಲ ಹೇಳೋದು?” ಎಂದು ಹಾಸಿಗೆಯ ಮೇಲಿನ ಗಂಡಸು ಕೀರಲು ದನಿಯಲ್ಲಿ ಜಗಳವಾಡುತ್ತಿದ್ದ.

“ಆಯ್ತು ಅಣ್ಣ, ಆಯ್ತು. ಮಲಗಿ,” ಎಂದು ಹಿರಿಯ ಸಿಸ್ಟರ್ ಅವನ ಭುಜ ತಟ್ಟುತ್ತಿದ್ದಳು.

ಹೆಂಡತಿ ಕೈ ಹಿಸುಕಿಕೊಂಡು ನಿಂತಿದ್ದಳು. ಅಕ್ಕನನ್ನು ಕಂಡದ್ದೇ ಓಡಿಬಂದಳು. “ನೋಡಿ ಅಕ್ಕ, ಬೆಳಿಗ್ಗೆಯಿಂದ ಇದೇ ಪಾಡು. ಏಳೂ ನಲವತ್ತರ ಬಸ್ ಹೊರಡ್ಬೇಕು ಅಂದ್ರು. ಆ ಟಿವಿ ಪೆಟ್ಟಿಗೇನ ಕಂಡಕ್ಟರೇ ಅಂತ ಕರೆದ್ರು. ಈಗ ಇದೊಂದು ಹೊಸ ರಾಗ.”

“ಹದಿನಾಲ್ಕು ದಿನದಿಂದ ತೊಟ್ಟಿಲ್ಲ,” ಎಂದಳು ಸಿಸ್ಟರ್. “ಬರೋದೇ ಇಲ್ಲವಲ್ಲ, ಸುಮ್ನೆ ಸೋಂಕಾಗುತ್ತೆ ಅಂತ ಮೂತ್ರದ ಪೈಪನ್ನ ಮೊನ್ನೆನೇ ತೆಗೆದ್ವಿ. ಭ್ರಮೆ ಇದು. ಅಂದ ಹಾಗೆ ನೀವು ಯಾರು?”

“ಲ್ಯಾಬು,” ಎಂದಳು ಅಕ್ಕ ಏದುಸಿರು ಬಿಡುತ್ತ.

ಸಿಸ್ಟರ್ ಹುಬ್ಬು ಹಾರಿಸಿದಳು. ಹನ್ನೊಂದು ವರ್ಷ ಫೋನಿನಲ್ಲಿ ಜಗಳವಾಡಿದ್ದ ಇಬ್ಬರೂ ಮೊದಲ ಸಲ ಒಬ್ಬರ ಮುಖ ಒಬ್ಬರು ನೋಡಿದ್ದು ಆಗ. “ಓ! ನೀವಾ ಅದು! ಇಷ್ಟು ಕುಳ್ಳಗಿದೀರಾ?”

“ಸಿಸ್ಟರ್, ಇವರಿಗೆ ಭ್ರಮೆ ಅಲ್ಲ ಅನ್ಸುತ್ತೆ. ಬಾಟ್ಲಿ ಕೊಡಿ.”

“ಹೇಗೆ ಹೇಳ್ತೀರಾ?”

ಅಕ್ಕ ಕಾಗದ ಮುಂದೆ ಹಿಡಿದಳು. ನಾಲ್ಕು ದಿನದ ನಾಲ್ಕು ಅಂಕಿ. ಸಿಸ್ಟರ್ ಒಂದು ಸಲ ಕಾಗದ ನೋಡಿದಳು, ಒಂದು ಸಲ ಡ್ರೈವರನ ಹೊಟ್ಟೆ ನೋಡಿದಳು. ಕೈಯಿಟ್ಟು ಕಿಬ್ಬೊಟ್ಟೆ ಒತ್ತಿದಳು.

“ಅಮ್ಮಾ! ಒತ್ತಬೇಡಿ, ಇಲ್ಲೇ ಆಗಿಬಿಡುತ್ತೆ!” ಎಂದು ಅವನು ಚೀರಿದ.

ಸಿಸ್ಟರ್ ಮುಖದ ಬಣ್ಣವೇ ಬದಲಾಯಿತು. “ಬಾಟ್ಲಿ! ಯಾರಾದ್ರೂ ಬಾಟ್ಲಿ ತನ್ನಿ!” ಎಂದು ಅವಳು ಕೂಗಿದ ಕೂಗಿಗೆ ಮೂರನೇ ಹಾಸಿಗೆಯ ಅಜ್ಜಿ ಕಣ್ಣು ಬಿಟ್ಟಳು. ಒಬ್ಬಳು ನರ್ಸು ಬೇಸಿನ್ ತಂದಳು, ಇನ್ನೊಬ್ಬಳು ನೀರಿನ ಲೋಟ ತಂದಳು, ಕೊನೆಗೆ ಬಾಟಲಿ ಬಂತು. ಬಂದ ಮೇಲೆ ಹೊಸ ತೊಡಕು.

“ಇಷ್ಟು ಜನ ಹೆಂಗಸರು ಕಣ್ಣರಳಿಸಿ ನೋಡ್ತಾ ನಿಂತ್ರೆ ನನಗೆ ಹೇಗೆ ಬರ್ಬೇಕು?” ಎಂದ ಡ್ರೈವರ್. ಎರಡು ವಾರದಲ್ಲಿ ಅವನು ಆಡಿದ ಮೊದಲ ಬುದ್ಧಿಯ ಮಾತು ಅದು.

ಎಲ್ಲರೂ ಗೋಡೆಗೆ ಮುಖ ಮಾಡಿ ನಿಂತರು. ಸಿಸ್ಟರ್, ಇಬ್ಬರು ನರ್ಸುಗಳು, ಹೆಂಡತಿ, ಒಂದು ಕಾಲಿಗೆ ಮಾತ್ರ ಚೀಲ ಹಾಕಿಕೊಂಡಿದ್ದ ಅಕ್ಕ. ಅಷ್ಟು ಹೊತ್ತಿಗೆ ಒಳಗೆ ನುಗ್ಗಿದ ಡಾಕ್ಟರಮ್ಮ “ಏನಾಯ್ತು?” ಎಂದು ಕೇಳುವಷ್ಟರಲ್ಲಿ ಸಿಸ್ಟರ್ ಅವಳ ಭುಜ ಹಿಡಿದು ಗೋಡೆ ಕಡೆ ತಿರುಗಿಸಿದಳು. “ಶ್!”

ಯಂತ್ರಗಳ ಟಿಕ್ ಟಿಕ್ ಬಿಟ್ಟರೆ ಸದ್ದಿಲ್ಲ. ಅರ್ಧ ನಿಮಿಷ. ಒಂದು ನಿಮಿಷ. ಹೆಂಡತಿ ಕಣ್ಣು ಮುಚ್ಚಿ ತುಟಿ ಕಚ್ಚಿದ್ದಳು.

ಆಮೇಲೆ ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ಬಿದ್ದ ಆ ಸದ್ದು ಕೇಳಿಸಿತು. ಮೊದಲು ತೊಟ್ಟು ತೊಟ್ಟಾಗಿ, ಅನುಮಾನಿಸುತ್ತ. ಆಮೇಲೆ ಧಾರೆಯಾಗಿ.

“ಬಂತು,” ಎಂದು ಪಿಸುಗುಟ್ಟಿದಳು ಹೆಂಡತಿ. ಆಮೇಲೆ ಪಿಸುಗುಟ್ಟುವುದನ್ನೆಲ್ಲ ಬಿಟ್ಟು, “ಬಂತು ಅಕ್ಕಾ!” ಎಂದು ಅಕ್ಕನನ್ನು ತಬ್ಬಿಕೊಂಡು ಕುಣಿಸಿಯೇಬಿಟ್ಟಳು.

ಸಿಸ್ಟರ್ ಬಾಟಲಿಯನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಗೆರೆ ಓದಿದಳು. “ನೂರೆಂಬತ್ತು!”

“ನೂರೆಂಬತ್ತಾ?” ಡಾಕ್ಟರಮ್ಮ ಬಾಟಲಿ ಕಿತ್ತುಕೊಂಡು ತಾನೂ ಓದಿದಳು. “ನೂರೆಂಬತ್ತೈದು ಸಿಸ್ಟರ್! ಕಂಜೂಸ್ ಮಾಡಬೇಡಿ!”

“ಬಗ್ಗಿ ನೋಡಿ. ನೂರೆಂಬತ್ತೇ.”

ಹೆಂಡತಿ ಕಾರಿಡಾರಿಗೆ ಓಡಿ ಫೋನನ್ನು ಕಿವಿಗೆ ಹಿಡಿದಾಗಿತ್ತು. “ಮೈದುನಾ, ಉಚ್ಚೆ ಬಂತು ಕಣೋ! ನಿಮ್ಮಣ್ಣಂಗೆ ಉಚ್ಚೆ ಬಂತು! ನೂರೆಂಬತ್ತು! ಏನು ನೂರೆಂಬತ್ತಾ? ನನಗೇನು ಗೊತ್ತು, ಡಾಕ್ಟರು ಕುಣೀತಾ ಇದಾರೆ, ಒಳ್ಳೇದೇ ಇರ್ಬೇಕು! ಇಡು, ನಾದಿನಿಗೆ ಹೇಳ್ಬೇಕು!” ಬೆಂಚುಗಳ ಮೇಲೆ ಬಾಡಿದ ಮುಖ ಹೊತ್ತು ಕೂತಿದ್ದ ಅಪರಿಚಿತರು ಒಬ್ಬರನ್ನೊಬ್ಬರು ನೋಡಿದರು. ಒಬ್ಬ ಮುದುಕಪ್ಪ ಚಪ್ಪಾಳೆ ತಟ್ಟಿದ. ಆಮೇಲೆ ಎಲ್ಲರೂ ತಟ್ಟಿದರು.

ದೊಡ್ಡ ಡಾಕ್ಟರು ಗಲಾಟೆ ಕೇಳಿ ಬಂದು ಅಂಕಿಗಳ ಕಾಗದ ಓದಿದರು. ಕನ್ನಡಕ ಏರಿಸಿದರು, ಇಳಿಸಿದರು. “ಒಂದು ಸಲ ಬಂದದ್ದಕ್ಕೆ ಹಿಗ್ಗಬೇಡಿ. ಮೂವತ್ತೊಂದನೇ ಪೇಷಂಟ್ ನೆನಪಿದೆಯಾ?”

ನೆನಪಿತ್ತು. ಅವರಿಗೂ ಅಂಕಿ ಹೀಗೇ ಇಳಿದಿತ್ತು, ಕಿಡ್ನಿ ಮಾತ್ರ ಏಳಲಿಲ್ಲ. ಡಾಕ್ಟರಮ್ಮನ ನಗು ಸ್ವಲ್ಪ ಕುಗ್ಗಿತು. “ಇದೆ ಸರ್. ಅದಕ್ಕೇ ನೂರು ಜನರನ್ನ ನೋಡ್ಬೇಕು ಅಂತಿರೋದು. ಆದ್ರೆ ಸೋಮವಾರದ ಪೈಪ್ ಬೇಡ ಸರ್. ಒಂದು ವಾರ ಕೊಡಿ.”

“ಆಯ್ತು, ಒಂದು ವಾರ,” ಎಂದು ಅವರು ಹೊರಟರು. ಬಾಗಿಲ ಹತ್ತಿರ ನಿಂತು, “ನೂರೆಂಬತ್ತೋ, ಎಂಬತ್ತೈದೋ?” ಎಂದು ಕೇಳಿಯೇ ಹೋದರು.

ಭಾನುವಾರ ಆರುನೂರು ಬಂತು. ಸೋಮವಾರ ಒಂದೂವರೆ ಲೀಟರು. ಬುಧವಾರದ ಹೊತ್ತಿಗೆ ಒಡ್ಡು ಒಡೆದ ಹಾಗೆ ನಾಲ್ಕು ಲೀಟರು! ಚೇತರಿಸಿಕೊಳ್ಳುವ ಕಿಡ್ನಿ ಮೊದಮೊದಲು ಹೀಗೆ ಲಂಗುಲಗಾಮಿಲ್ಲದೆ ಸುರಿಯುತ್ತದೆ ಎಂದು ಡಾಕ್ಟರಮ್ಮ ವಿವರಿಸಿದಳು. ಡ್ರೈವರನಿಗೆ ಅಷ್ಟರಲ್ಲಿ ತಲೆ ಪೂರಾ ತಿಳಿಯಾಗಿತ್ತು. “ಬರದಿದ್ರೂ ನಿಮಗೆ ಗೋಳು, ಬಂದ್ರೂ ನಿಮಗೆ ಅಳತೆ,” ಎಂದು ಸಿಸ್ಟರನ್ನು ರೇಗಿಸಿದ. ಹೆಂಡತಿ ಬಾಟಲಿಯ ಲೆಕ್ಕವನ್ನು ಯೂನಿಫಾರಂ ಅಳತೆ ಬರೆಯುವ ಪುಸ್ತಕದಲ್ಲೇ ಬರೆದಿಟ್ಟಳು. ಎದೆ ಮೂವತ್ತು, ಸೊಂಟ ಇಪ್ಪತ್ತೆಂಟು, ಉಚ್ಚೆ ನಾಲ್ಕು ಲೀಟರು.

ಡಯಾಲಿಸಿಸ್ ಹಚ್ಚದೆ ಐದು ದಿನ ಕಳೆದರೂ ಕ್ರಿಯಾಟಿನಿನ್ ತಾನಾಗಿ ಇಳಿಯುತ್ತ ಬಂತು. ಶುಕ್ರವಾರ ಡಾಕ್ಟರಮ್ಮ ಅವನ ಕುತ್ತಿಗೆಯ ಡಯಾಲಿಸಿಸ್ ಕೊಳವೆ ಎಳೆದು ತೆಗೆದಳು. ಅದನ್ನು ನೋಡಲು ಅಕ್ಕ ಮತ್ತೆ ಮೇಲೆ ಹೋಗಿದ್ದಳು, ಈ ಸಲ ಎರಡೂ ಕಾಲಿಗೆ ಚೀಲ ಹಾಕಿಕೊಂಡು.

“ನನ್ನೊಳಗೆ ಏನಾಗ್ತಿದೆ ಅಂತ ನನಗಿಂತ ಮೊದಲು ನಿಮಗೆ ಗೊತ್ತಾಯ್ತಂತೆ?” ಎಂದು ಡ್ರೈವರ್ ಕೇಳಿದ.

“ಗೊತ್ತಾಗ್ಲಿಲ್ಲ ಅಣ್ಣ, ಅನುಮಾನ ಬಂತು ಅಷ್ಟೆ. ಗ್ಯಾರಂಟಿಯಾಗಿ ಹೇಳಿದ್ದು ನೀವೇ. ನಾವು ಕೇಳಿಸ್ಕೊಳ್ಳಲಿಲ್ಲ.”

ಅಂದು ಸಂಜೆ ಊಟಕ್ಕೆ ಕೂತಾಗ ಅಕ್ಕನಿಗೆ ತಡೆಯಲಾಗಲಿಲ್ಲ. ಗಂಡನ ಮುಂದೆ, ಎಂಬತ್ತು ದಾಟಿದ ಅತ್ತೆಯ ಮುಂದೆ ಕೈ ಬಾಯಿ ಎರಡೂ ತಿರುಗಿಸಿ ಕಥೆ ಹೇಳಿದಳು. ಗೋಡೆ ಕಡೆ ತಿರುಗಿ ನಿಂತದ್ದು, ಸದ್ದು ಕೇಳಿಸಿದ್ದು, ಮುದುಕಪ್ಪ ಚಪ್ಪಾಳೆ ತಟ್ಟಿದ್ದು.

ಅತ್ತೆ ತಟ್ಟೆ ದೂರ ತಳ್ಳಿದರು. “ಉಣ್ಣೋ ಹೊತ್ತಲ್ಲಿ ಎಂಥ ಮಾತು ಅಂತ ಆಡ್ತೀಯೇ ನೀನು! ಹೇಸಿಗೆ ಇಲ್ಲ, ಏನಿಲ್ಲ!”

ಅಕ್ಕ ಅತ್ತೆಯ ಲೋಟಕ್ಕೆ ನೀರು ಬಗ್ಗಿಸಿದಳು. ಅವಳೂ ಗಂಡನೂ ತಲೆ ತಗ್ಗಿಸಿ ನಾಲ್ಕು ತುತ್ತು ಉಂಡರು. ಅತ್ತೆ ತಟ್ಟೆಯನ್ನು ಮೆಲ್ಲಗೆ ಹತ್ತಿರ ಎಳೆದುಕೊಂಡರು.

“ಅಲ್ಲ, ಇವತ್ತೆಷ್ಟು ಬಂತಂತೆ?”

“ಎರಡೂವರೆ ಲೀಟರು ಅತ್ತೆ.”

“ಹಾಂ, ಅಷ್ಟು ಸಾಕು,” ಎಂದು ಅತ್ತೆ ಸಮಾಧಾನದಿಂದ ಅನ್ನ ಕಲಸಿದರು.