ಗೂಳಪ್ಪನ ಹೊಟ್ಟೆ

ಹುಟ್ಟುವಾಗಲೇ ತುಂಬಿಕೊಂಡು ಹುಟ್ಟಿದ ಹೊಟ್ಟೆ ಲೋಕದಲ್ಲಿ ಎಷ್ಟಿವೆಯೋ ನಾನು ಕಾಣೆ. ನಾನಂತೂ ಹಾಗೆ ಹುಟ್ಟಿದ್ದು. ನಾಟಕದವರು ದಪ್ಪ ಕಾಣಲೆಂದು ಅಂಗಿಯ ಒಳಗೆ ಕಟ್ಟಿಕೊಳ್ಳುತ್ತಾರಲ್ಲ, ಅಂಥ ಹತ್ತಿಯ ಹೊಟ್ಟೆ ನಾನು. ಹಸಿವು ಎಂದರೇನೆಂದು ನನಗೆ ಇವತ್ತಿಗೂ ತಿಳಿಯದು. ಆದರೆ ನನ್ನ ಆಯುಷ್ಯವೆಲ್ಲ ಕಳೆದದ್ದು ಹಸಿದವನೊಬ್ಬನ ಮೈಮೇಲೆ.

ನಾನು ಹುಟ್ಟಿದ್ದು ಗದಗಿನಲ್ಲಿ, ಒಂದು ನಾಟಕ ಕಂಪನಿಯ ತಗಡಿನ ಥೇಟರಿನ ಹಿಂದೆ. ಅವತ್ತು ಕಂಪನಿಯಲ್ಲಿ ಎಲ್ಲರ ಮುಖವೂ ಬಾಡಿತ್ತು. ಸಾಹುಕಾರನ ಪಾತ್ರ ಮಾಡುತ್ತಿದ್ದ ದಪ್ಪ ನಟ ಯಾರಿಗೂ ಹೇಳದೆ ಕೇಳದೆ ಎದುರು ಕಂಪನಿ ಸೇರಿಬಿಟ್ಟಿದ್ದ. ಸಂಜೆಗೆ ಆಟ, ಊರ ಗೋಡೆಗಳಿಗೆಲ್ಲ ಜಾಹೀರಾತು ಅಂಟಿಸಿಯಾಗಿದೆ. ಸಾಹುಕಾರನ ಮಾತುಗಳೆಲ್ಲ ಬಾಯಿಪಾಠವಿದ್ದದ್ದು ಗೂಳಪ್ಪ ಹೊಂಬಳ ಎಂಬ ಒಬ್ಬನಿಗೆ ಮಾತ್ರ. ಅವನು ಪರದೆ ಎಳೆಯುವವನು. ದಿನವೂ ಹಗ್ಗ ಹಿಡಿದುಕೊಂಡು ಎಲ್ಲರ ಮಾತನ್ನೂ ತುಟಿಯಲ್ಲೇ ಆಡಿಕೊಳ್ಳುತ್ತಿದ್ದ. ಮೈಯಲ್ಲಿ ಮಾತ್ರ ಎಲುಬಿಗೆ ತೊಗಲು ಅಂಟಿದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

ಕಂಪನಿಯ ಮಾಲೀಕ ಚನ್ನಮಲ್ಲಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿ ಹಣೆ ಚಚ್ಚಿಕೊಂಡ.

"ಮಾತು ಬರತಾವು ಖರೆ. ಈ ಸಣಕಲನ್ನ ಸಾವ್ಕಾರ ಅಂದ್ರ ಯಾರು ನಂಬತಾರ? ಲಗೂನ ಇವಂಗೊಂದು ಹೊಟ್ಟಿ ಹೊಲಿಸ್ರಿ."

ಗಾದಿ ಹೊಲಿಯುವ ರಾಜೇಸಾಬ ನದಾಫನನ್ನು ಕರೆಸಿದರು. ಅವನು ಕಂಪನಿಯ ಒಂದು ಹಳೆಯ ಗಾದಿ ಬಿಚ್ಚಿ, ಹತ್ತಿ ಹಿಂಜಿ, ಪಟ್ಟೆಪಟ್ಟೆ ಬಟ್ಟೆಯೊಳಗೆ ತುಂಬಿ, ತನ್ನ ಹೊಟ್ಟೆಯನ್ನೇ ಅಳತೆಗೆ ಇಟ್ಟುಕೊಂಡು ನನ್ನನ್ನು ಹೊಲಿದ. ಅವನದು ಒಳ್ಳೆಯ ಊಟ ಕಂಡ ಹೊಟ್ಟೆ. ಹಾಗಾಗಿ ನಾನೂ ಲಕ್ಷಣವಾಗಿಯೇ ಬಂದೆ.

ಸಂಜೆ ಗೂಳಪ್ಪ ನನ್ನನ್ನು ಕಟ್ಟಿಕೊಂಡು ನಿಂತ. ಮುಂದೆ ಭಾರ ಬಿದ್ದೊಡನೆ ಅವನ ಬೆನ್ನು ತಾನಾಗಿ ಹಿಂದಕ್ಕೆ ವಾಲಿತು, ಕಾಲು ಅಗಲವಾದವು, ಬಲಗೈ ಬಂದು ನನ್ನ ಮೇಲೆ ಕೂತಿತು. ಸಾಹುಕಾರ ಸಿದ್ಧನಾಗಿಬಿಟ್ಟಿದ್ದ. ರಂಗಕ್ಕೆ ಕಾಲಿಟ್ಟಾಗ ಮೊದಲು ಒಳಗೆ ಹೋದದ್ದು ನಾನು, ಹಿಂದೆ ಬಂದವನು ಅವನು. ಇನ್ನೂ ಬಾಯಿ ತೆರೆದಿರಲಿಲ್ಲ, ಥೇಟರು ತುಂಬ ನಗೆ. ಆ ಊರಿನ ಕ್ಯಾಂಪು ಮುಗಿಯುವಷ್ಟರಲ್ಲಿ ಅವನ ಹೊಂಬಳ ಹಾರಿಹೋಗಿ 'ಹೊಟ್ಟಿ ಗೂಳಪ್ಪ' ಎಂಬ ಹೆಸರು ನಿಂತಿತ್ತು. ಪರದೆಯ ಹಗ್ಗ ಬೇರೆಯವರ ಕೈಗೆ ಹೋಯಿತು.

ಅದೇ ಕಂಪನಿಯಲ್ಲಿ ತಾಯಿಯ ಪಾತ್ರ ಮಾಡುತ್ತಿದ್ದ ಕಾಶವ್ವನನ್ನು ಅವನು ಮದುವೆಯಾದ. ಅಲ್ಲಿಂದ ನನ್ನ ಯೋಗಕ್ಷೇಮ ಅವಳದಾಯಿತು. ಬೆವರು ಕುಡಿದು ನಾನು ನಾರತೊಡಗಿದರೆ ಬಿಸಿಲಿಗೆ ಹಾಕಿ ಕೋಲಿನಿಂದ ಬಡಿಯುತ್ತಿದ್ದಳು. ಹೊಡೆತ ತಿಂದಷ್ಟೂ ಉಬ್ಬುವುದು ನಮ್ಮ ಕುಲದ ಗುಣ.

ಆಟ ಮುಗಿದು ನನ್ನನ್ನು ಬಿಚ್ಚುವಾಗ ಗೂಳಪ್ಪ ಹೆಂಡತಿಗೆ ಒಂದೇ ಮಾತು ಹೇಳುತ್ತಿದ್ದ.

"ಕಾಶಿ, ಒಮ್ಮೆರೆ ಇದನ್ನ ಕಟ್ಟಿಕೊಳ್ಳದಽ ರಂಗದ ಮ್ಯಾಲ ನಿಂದರಬೇಕು. ಒಬ್ಬರೂ ನಗಬಾರದು. ನನ್ನ ಕಣ್ಣಾಗ ನೀರು ಬಂದ್ರ ಅವರ ಕಣ್ಣಾಗೂ ಬರಬೇಕು."

"ಹೊಟ್ಟಿ ಬಿಚ್ಚಿಟ್ಟು ಹೊಟ್ಟಿಗೇನ ತಿಂತೀರಿ? ಸುಮ್ಮನ ಉಣ್ಣಬರ್ರಿ," ಎನ್ನುತ್ತಿದ್ದಳು ಅವಳು.

ಆ ಮಾತು ಕೇಳಿ ನನಗೆ ಕೋಪ ಬರುತ್ತಿರಲಿಲ್ಲ. ಮನುಷ್ಯರಿಗೆ ಇಂಥ ಆಸೆಗಳಿರುತ್ತವೆ ಎಂದು ಅಷ್ಟು ಹೊತ್ತಿಗೆ ನಾನು ಕಂಡುಕೊಂಡಿದ್ದೆ. ರಾಜನ ಪಾರ್ಟು ಮಾಡುವವನಿಗೆ ಹಾಸ್ಯ ಮಾಡುವ ಆಸೆ, ಹಾಸ್ಯದವನಿಗೆ ಸಿಂಹಾಸನದ ಆಸೆ.

ಕಂಪನಿಗಳಲ್ಲಿ 'ಬೆನಿಫಿಟ್' ಎಂಬ ಒಂದು ಪದ್ಧತಿ. ಕ್ಯಾಂಪು ಏಳುವ ಮುಂಚೆ ಒಬ್ಬ ನಟನ ಹೆಸರಿನಲ್ಲಿ ಒಂದು ಆಟ. ಅವತ್ತು ಯಾವ ನಾಟಕ, ತನಗೆ ಯಾವ ಪಾತ್ರ ಎಂದು ಅವನೇ ಹೇಳಬಹುದು, ಮಾಲೀಕನೂ ಎದುರಾಡುವಂತಿಲ್ಲ. ಇಳಕಲ್ಲಿನ ಕ್ಯಾಂಪಿನಲ್ಲಿ ಗೂಳಪ್ಪನ ಸರದಿ ಬಂತು. ಅವನು ಆರಿಸಿಕೊಂಡದ್ದು ಹಸಿವಿನಿಂದ ಮಗನನ್ನು ಕಳೆದುಕೊಳ್ಳುವ ಒಬ್ಬ ಮುದಿ ನೇಕಾರನ ಪಾತ್ರ. ಆ ಸಂಜೆ ನಾನು ಪಕ್ಕದ ಪರದೆಯ ಹಿಂದೆ ಗೂಟಕ್ಕೆ ನೇತುಬಿದ್ದಿದ್ದೆ.

ಗೂಳಪ್ಪ ಬರಿಮೈಯಲ್ಲಿ, ಪಕ್ಕೆಲುಬು ಕಾಣುತ್ತ ಹೋಗಿ ನಿಂತ. ಹಿಂದಿನ ಸಾಲಿನಿಂದ ಯಾರೋ, "ಹೊಟ್ಟಿ ಎಲ್ಲೈತೋ ಸಾವ್ಕಾರಾ?" ಎಂದು ಕೂಗಿದ. ಮುಗಿಯಿತು. ಅವನು ಮಗನನ್ನು ಕರೆದರೆ ನಗೆ, ಮಗ್ಗದ ಮುಂದೆ ಕೂತರೆ ನಗೆ. ಮೊದಲ ಅಂಕ ಮುಗಿಯುವಷ್ಟರಲ್ಲಿ ಜನ ಏಳತೊಡಗಿದ್ದರು. ಚನ್ನಮಲ್ಲಪ್ಪ ನನ್ನನ್ನು ಗೂಟದಿಂದ ಕಿತ್ತುಕೊಂಡು ಓಡಿ ಬಂದ.

"ಕಟ್ಟಿಕೋ. ಅವರು ನಿನ್ನ ನೋಡಾಕ ಬಂದಿಲ್ಲೋ, ಇದನ್ನ ನೋಡಾಕ ಬಂದಾರ."

"ಉಪವಾಸ ಬಿದ್ದ ನೇಕಾರ್ರೀ ಇವ. ಇವಂಗೆಲ್ಲಿ ಹೊಟ್ಟಿರಿ?"

"ಅದನ್ಯಾರು ಕೇಳತಾರ?"

ಯಾರೂ ಕೇಳಲಿಲ್ಲ. ಎರಡನೆಯ ಅಂಕದಲ್ಲಿ, ತುತ್ತು ಅನ್ನವಿಲ್ಲದೆ ಸತ್ತ ಮಗನ ಮುಂದೆ ಗಡಿಗೆಯಂಥ ಹೊಟ್ಟೆ ಹೊತ್ತ ತಂದೆ ಕೂತು ಅತ್ತ. ಅವತ್ತು ಅವನು ಅತ್ತದ್ದು ನಟನೆಯಲ್ಲ. ಕಣ್ಣೀರು ನನ್ನ ಮೇಲೆಯೇ ಬೀಳುತ್ತಿತ್ತು, ನನಗೆ ಗೊತ್ತು. ಜನ ನಕ್ಕೂ ನಕ್ಕೂ ಸುಸ್ತಾಗಿ ಚಪ್ಪಾಳೆ ತಟ್ಟಿದರು. ಅಷ್ಟು ದೊಡ್ಡ ಚಪ್ಪಾಳೆ ನಾನು ಕೇಳಿರಲಿಲ್ಲ, ಒಳಗೊಳಗೇ ಹಿಗ್ಗಿದೆ. ಬಿಡಾರಕ್ಕೆ ಬಂದ ಮೇಲೆ ಗೂಳಪ್ಪ ಉಣ್ಣಲಿಲ್ಲ. ಹೊಟ್ಟೆಯಿಲ್ಲದೆ ನಿಲ್ಲುವ ಮಾತನ್ನು ಮತ್ತೆ ಎತ್ತಲೂ ಇಲ್ಲ.

ಕಾಲ ಬದಲಾಯಿತು. ಊರೂರಿಗೆ ಸಿನಿಮಾ ಬಂದು ನಾಟಕಕ್ಕೆ ಜನ ಕಡಿಮೆಯಾದರು. ಕಂಪನಿ ಮುಚ್ಚಿದ ದಿನ ಒಬ್ಬ ಹಾರ್ಮೋನಿಯಮ್ಮಿನ ಕಾಲುಪೆಟ್ಟಿಗೆ ಒಯ್ದ, ಒಬ್ಬ ಅರಮನೆಯ ಪರದೆ ಒಯ್ದ. ಕಾಶವ್ವ ಮಾಲೀಕನನ್ನು ಕೇಳಿ ನನ್ನನ್ನು ಎತ್ತಿಕೊಂಡಳು.

"ಅದನ್ಯಾಕ ತಂದಿ?" ಎಂದ ಗೂಳಪ್ಪ.

"ಅದು ಇಲ್ಲಂದ್ರ ನಿಮ್ಮನ್ನ ಯಾರು ಗುರುತು ಹಿಡೀತಾರ?"

ಮಾತು ಕಹಿ, ಆದರೆ ಸುಳ್ಳಲ್ಲ. ಬೆಂಗಳೂರಿಗೆ ಬಂದೆವು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಗೂಳಪ್ಪನೂ ಸಿನಿಮಾಕ್ಕೆ ಬಂದ. ಲೇವಾದೇವಿ ಸಾಹುಕಾರ, ಪಂಚಾಯಿತಿ ಅಧ್ಯಕ್ಷ, ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತವನು, ಕೋರ್ಟಿನಲ್ಲಿ ತೂಕಡಿಸುವ ಜಡ್ಜು, ನಾಯಕಿಯನ್ನು ಮುದುಕನಿಗೆ ಕಟ್ಟಲು ಹೊರಟ ಸೋದರಮಾವ, ಎಲ್ಲವೂ ನಾವೇ. ಮಧ್ಯಂತರದ ಹೊತ್ತಿಗೆ ಸತ್ತಿರುತ್ತಿದ್ದೆವು, ಇಲ್ಲವೇ ಜೈಲಿನಲ್ಲಿರುತ್ತಿದ್ದೆವು. ತೆರೆಯ ಮೇಲೆ ಹೆಸರು ಬರುವಾಗ 'ಮತ್ತು ಇತರರು' ಎಂಬಲ್ಲಿ ನಮಗೆ ಜಾಗ.

ಒಮ್ಮೆ ಹೊಡೆದಾಟದ ದೃಶ್ಯದಲ್ಲಿ ನಾಯಕ ಒದ್ದ ಭರಕ್ಕೆ ನನ್ನ ಲಾಡಿ ಕಿತ್ತು ಮೊಣಕಾಲಿಗೆ ಇಳಿದುಬಿಟ್ಟೆ. ನಿರ್ದೇಶಕರು ಬಿದ್ದು ಬಿದ್ದು ನಕ್ಕು, ಅದನ್ನೇ ಚಿತ್ರದಲ್ಲಿ ಉಳಿಸಿಕೊಂಡರು. ಥೇಟರುಗಳಲ್ಲಿ ಅಲ್ಲಿಗೆ ಶಿಳ್ಳೆ ಬೀಳುತ್ತಿತ್ತಂತೆ. ಹೊರಗೆ ಮಾತ್ರ ಅವನನ್ನು ಕೇಳುವವರಿರಲಿಲ್ಲ. ಶೂಟಿಂಗ್ ಮುಗಿಸಿ ಬಸ್ಸು ಹತ್ತಿದರೆ ನಾನು ಚೀಲದಲ್ಲಿ ಅವನ ಕಾಲ ಬಳಿ ಆರಾಮಾಗಿ ಕೂತಿರುತ್ತಿದ್ದೆ, ಅವನು ಮನೆಯವರೆಗೂ ನಿಂತಿರುತ್ತಿದ್ದ.

ಹೀಗೇ ಕೂದಲು ನರೆಯಿತು. ಸಿನಿಮಾದವರು ಕರೆಯುವುದು ಕಡಿಮೆಯಾದ ಕಾಲಕ್ಕೆ ಟಿ.ವಿ. ಧಾರಾವಾಹಿಯಿಂದ ಕರೆ ಬಂತು. ಸುಹಾಸ್ ಎಂಬ ಚಿಕ್ಕ ವಯಸ್ಸಿನ ನಿರ್ದೇಶಕ. ಕಥೆಯಲ್ಲಿ ತಾತನ ಪಾತ್ರ. ಗೂಳಪ್ಪ ಅಭ್ಯಾಸಬಲದಿಂದ ಚೀಲದಲ್ಲಿ ನನ್ನನ್ನು ಇಟ್ಟುಕೊಂಡೇ ಹೋಗಿದ್ದ.

"ಅಯ್ಯೋ, ಈ ದಿಂಬೆಲ್ಲ ಬೇಡ ಸರ್," ಎಂದ ಸುಹಾಸ್. "ತಾತ ಸಣ್ಣಗೇ ಇರಲಿ. ನೀವು ಹೇಗಿದ್ದೀರೋ ಹಾಗೇ ಬನ್ನಿ."

ಗೂಳಪ್ಪ ನನ್ನ ಕಡೆ ನೋಡಿದ. ಇಳಕಲ್ಲಿನ ಆ ಸಂಜೆಯಿಂದ ಬಾಯಿಗೆ ತಾರದ ಆಸೆ, ತಾನಾಗಿ ನಡೆದು ಬಂದು ಎದುರು ನಿಂತಿತ್ತು. ಚೀಲವನ್ನು ಗೋಡೆಗೆ ಆನಿಸಿಟ್ಟು ಕ್ಯಾಮೆರಾದ ಮುಂದೆ ಹೋದ.

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ನಾನು ಕೊಟ್ಟ ಗುಣ ಅವನಿಗೆ ಹುಟ್ಟುಗುಣವೇ ಆಗಿಹೋಗಿತ್ತು. ತಾತ ಬಾಗಿಲಿಂದ ಒಳಗೆ ಬರಬೇಕು, ಅಷ್ಟೇ. ಗೂಳಪ್ಪ ಹಿಂದಕ್ಕೆ ವಾಲಿಕೊಂಡು, ಕಾಲು ಅಗಲಿಸಿ, ಬಲಗೈಯನ್ನು ಹೊಟ್ಟೆಯ ಮುಂದೆ ಗಾಳಿಯಲ್ಲಿ ಇಟ್ಟುಕೊಂಡು ಬಂದ. ಮತ್ತೆ ಮಾಡಿಸಿದರು. ಮತ್ತೆ ಹಾಗೇ ಬಂದ. ಲೈಟಿನವರು ಮುಖ ತಿರುಗಿಸಿಕೊಂಡು ನಕ್ಕರು.

"ಸರ್, ಯಾಕೆ ಹಿಂದಕ್ಕೆ ವಾಲ್ತೀರಾ? ಆ ಕೈ ಯಾಕೆ ಅಲ್ಲಿ ನಿಂತ್ಕೊಂಡಿದೆ?" ಎಂದು ಸುಹಾಸ್ ಮೆತ್ತಗೆ ಕೇಳಿದ. "ಸೋಮವಾರ ಇನ್ನೊಂದ್ಸಲ ನೋಡೋಣ. ಆಗ್ಲಿಲ್ಲ ಅಂದ್ರೆ ಬೇರೆಯವರನ್ನ ಹಾಕ್ಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ ಸರ್."

ಮನೆಗೆ ಬಂದ ಗೂಳಪ್ಪ ಚೀಲವನ್ನು ಮೂಲೆಗೆ ಎಸೆದ. ಅಷ್ಟು ವರ್ಷದಲ್ಲಿ ಅವನು ನನ್ನನ್ನು ಎಸೆದದ್ದು ಅದೊಂದೇ ಸಲ.

"ಕಾಶಿ, ಬಿಚ್ಚಿಟ್ಟರೂ ಹೋಗವಲ್ದು. ಹೊಟ್ಟಿ ನನ್ನ ಒಳಗಽ ಹೊಕ್ಕೈತಿ," ಎಂದು ತಲೆ ಹಿಡಿದುಕೊಂಡು ಕೂತ.

ಕಾಶವ್ವ ಒಲೆ ಆರಿಸಿ ಬಂದು, ನನ್ನನ್ನು ಚೀಲದಿಂದ ತೆಗೆದು ಧೂಳು ಕೊಡವಿ, "ಏಳ್ರಿ ಮ್ಯಾಲ," ಎಂದಳು. ಅವನು ಎದ್ದ. ಅವಳು ನನ್ನನ್ನು ಅವನ ಬೆನ್ನಿಗೆ ಹೇರಿ, ಲಾಡಿಯನ್ನು ಎದೆಯ ಮೇಲೆ ಬಿಗಿದಳು.

"ಇದೇನ ಹುಚ್ಚಾಟ?"

"ಮುಂದಿನ ಭಾರಕ್ಕ ಹಿಂದ ವಾಲಾಕ ಕಲ್ತೀರಿ. ಹಿಂದಿನ ಭಾರಕ್ಕ ಮುಂದ ಬಾಗ್ರಿ. ನಡೀರಿ ಅಂಗಳಕ್ಕ."

ನೀರು ತುಂಬಿದ ತಂಬಿಗೆಯೊಂದನ್ನು ಬಲಗೈಗೂ ಕೊಟ್ಟಳು, ಕೈ ಗಾಳಿಯಲ್ಲಿ ನಿಲ್ಲದಿರಲೆಂದು. ನಾವಿದ್ದದ್ದು ವಠಾರದ ಮನೆ. ಸೋಮವಾರದವರೆಗೆ ಗೂಳಪ್ಪ ನನ್ನನ್ನು ಬೆನ್ನ ಮೇಲೆ ಹೊತ್ತು ಆ ಅಂಗಳದಲ್ಲಿ ತಿರುಗಿದ. ಪಕ್ಕದ ಮನೆಯ ಜಯಶೀಲಮ್ಮ ಬಟ್ಟೆ ಒಣಹಾಕುತ್ತ, "ಏನ್ ತಾತಾ, ಹೊಟ್ಟೆ ಬೆನ್ನಿಗೆ ಹೋಯ್ತಾ?" ಎಂದು ಕೀಟಲೆ ಮಾಡಿದಳು. ಅವನು ತಲೆ ಎತ್ತಲಿಲ್ಲ. ನನಗೂ ಲೋಕ ಹಿಂದುಮುಂದಾಗಿ ಕಂಡಿತು. ಇಷ್ಟು ದಿನ ಎದುರಿಗೆ ಬರುವವರನ್ನು ನೋಡುತ್ತಿದ್ದವನು ಈಗ ಬಿಟ್ಟುಬಂದ ದಾರಿಯನ್ನು ನೋಡುತ್ತಿದ್ದೆ.

ಸೋಮವಾರ ಬೆಳಿಗ್ಗೆ ಕಾಶವ್ವ ಲಾಡಿ ಬಿಚ್ಚಿದಳು. ಗೂಳಪ್ಪ ಹಿಂದಕ್ಕೂ ವಾಲಲಿಲ್ಲ, ಮುಂದಕ್ಕೂ ಬಾಗಲಿಲ್ಲ. ಬಡಕಲು ಮುದುಕನೊಬ್ಬ ತನ್ನ ಪಾಡಿಗೆ ತಾನು ನಿಂತಿದ್ದ. ಕಾಶವ್ವ ಅವನನ್ನು ನೋಡಿ, ಸೆರಗಿನಿಂದ ಮೂಗು ಒರೆಸಿಕೊಂಡು, "ಈಗ ಹೋಗ್ರಿ," ಎಂದಳು. ನನ್ನನ್ನು ಬಿಟ್ಟು ಅವನು ಕೆಲಸಕ್ಕೆ ಹೋದದ್ದು ಅವತ್ತೇ ಮೊದಲು.

ಪಾತ್ರ ಅವನಲ್ಲೇ ಉಳಿಯಿತು. ನನಗೆ ಬೇರೆ ಕೆಲಸ ಸಿಕ್ಕಿತು. ಕಾಶವ್ವನಿಗೆ ಸೊಂಟನೋವು. ಕುರ್ಚಿಯಲ್ಲಿ ಅವಳ ಬೆನ್ನಿಗೆ ಆನಿಕೆಯಾಗಿ ಕೂತೆ. ಹತ್ತಿ ಗಂಟುಗಟ್ಟಿದೆ, ಬಟ್ಟೆಯ ಪಟ್ಟೆಗಳು ಮಾಸಿವೆ, ಬಡಿದರೂ ಈಗ ಉಬ್ಬುವುದಿಲ್ಲ. ಬಿಗಿದು ಕಟ್ಟುವವರಿಲ್ಲ ಎಂಬುದು ಈ ವಯಸ್ಸಿನಲ್ಲಿ ಒಂದು ಸುಖವೇ.

ಧಾರಾವಾಹಿ ಬರುವ ಹೊತ್ತಿಗೆ ವಠಾರದ ಹೆಂಗಸರು ಒಲೆಯ ಮೇಲೆ ಅನ್ನಕ್ಕಿಟ್ಟು ನಮ್ಮ ಮನೆಗೆ ಬರುತ್ತಾರೆ. ಜಾಹೀರಾತು ಬಂದೊಡನೆ ಎದ್ದು ಓಡಿಹೋಗಿ ಉರಿ ಸಣ್ಣ ಮಾಡಿ, ಸೌಟಾಡಿಸಿ, ಓಡಿ ಬರುತ್ತಾರೆ. ಇದು ದಿನದ ಕ್ರಮ. ತಾತನ ಹೆಂಡತಿ ಸಾಯುವ ಕಂತು ಬಂದ ಸಂಜೆಯೂ ಹಾಗೇ ಬಂದು ಕೂತರು. ಗೂಳಪ್ಪ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ. ಅವನು ಟಿ.ವಿ. ನೋಡುತ್ತಿರಲಿಲ್ಲ, ನೋಡುವವರನ್ನು ನೋಡುತ್ತಿದ್ದ. ರಂಗದ ಮೇಲಿದ್ದಷ್ಟು ಕಾಲ ದೀಪದ ಬೆಳಕು ಕಣ್ಣಿಗೆ ಹೊಡೆದು, ಎದುರಿಗಿದ್ದವರ ಮುಖ ಅವನಿಗೆ ಸರಿಯಾಗಿ ಕಂಡದ್ದೇ ಇಲ್ಲ.

ತೆರೆಯ ಮೇಲೆ ತಾತ ಹೆಂಡತಿಯನ್ನು ಊಟಕ್ಕೆ ಕರೆಯಲು ಕೋಣೆಗೆ ಬಂದ. ಕರೆದ. ಅವಳು ಏಳಲಿಲ್ಲ. ಇನ್ನೊಂದು ಸಲ ಕರೆಯಲು ಬಾಯಿ ತೆರೆದವನಿಗೆ ತಿಳಿದುಹೋಯಿತು. ಕರೆಯಲಿಲ್ಲ. ಅವಳ ಮಂಚದ ಪಕ್ಕ ನೆಲದ ಮೇಲೆ ಕೂತು, ಜಾರಿದ ಸೆರಗನ್ನು ಸರಿಮಾಡಿ, ಕೈ ಹಿಂದಕ್ಕೆ ತೆಗೆದುಕೊಂಡ. ಆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ನೋಡುತ್ತ ಕೂತ. ಅಷ್ಟರಲ್ಲಿ ಜಾಹೀರಾತು ಬಂತು.

ಒಬ್ಬರೂ ಏಳಲಿಲ್ಲ. ಸೋಪು, ಟೂತ್‌ಪೇಸ್ಟು, ಚಹಾಪುಡಿ, ಒಂದಾದ ಮೇಲೊಂದು ಹಾದುಹೋದವು. ಹೆಂಗಸರು ಅವನ್ನೂ ಕಣ್ಣು ಒರೆಸಿಕೊಳ್ಳುತ್ತಲೇ ನೋಡಿದರು. ಎಲ್ಲಿಂದಲೋ ಸೀದ ವಾಸನೆ ತೇಲಿ ಬಂತು. ಎಲ್ಲರ ಮೂಗಿಗೂ ಬಡಿದಿರಬೇಕು, ಆದರೆ ಯಾರೂ ಅಲುಗಲಿಲ್ಲ. ತಾತ ಮತ್ತೆ ಬಂದ, ಅದೇ ಕೈ ನೋಡುತ್ತ ಕೂತ, ಕಂತು ಮುಗಿಯಿತು. ಆಗ ಜಯಶೀಲಮ್ಮ ಒದ್ದೆ ಕಣ್ಣಲ್ಲೇ ಎದೆ ಬಡಿದುಕೊಂಡಳು.

"ಅಯ್ಯೋ, ನನ್ನ ಅನ್ನ ಸೀದೋಯ್ತು!"

ಅವಳು ಓಡಿದಳು. ಉಳಿದವರೂ ಒಬ್ಬೊಬ್ಬರಾಗಿ, ಗೂಳಪ್ಪನ ಮುಖ ನೋಡಲಾರದೆ ತಲೆ ತಗ್ಗಿಸಿಕೊಂಡು ಹೋದರು. ಅವನು ಸ್ಟೂಲಿನ ಮೇಲೆ ಕೂತಲ್ಲೇ ಕೂತಿದ್ದ.

"ಕಾಶಿ, ಆ ಅನ್ನ ನಾ ಹೊತ್ತಿಸೀನಿ."

"ಹೊತ್ತಿಸೀರಿ," ಎಂದಳು ಕಾಶವ್ವ. "ಹೋಗಿ ಆಕೀನ ನಮ್ಮನಿಗೆ ಉಣ್ಣಾಕ ಕರಕೊಂಡು ಬರ್ರಿ."

ಅವಳು ಅಡುಗೆಮನೆಗೆಂದು ಎದ್ದಾಗ ನಾನು ಕುರ್ಚಿಯಿಂದ ಜಾರಿ ನೆಲಕ್ಕೆ ಬಿದ್ದೆ. ಬಿದ್ದಲ್ಲಿಂದಲೇ ಗೂಳಪ್ಪ ಅಂಗಳ ದಾಟಿ ಜಯಶೀಲಮ್ಮನ ಬಾಗಿಲಿಗೆ ಹೋಗುವುದನ್ನು ನೋಡಿದೆ. ನೆಟ್ಟಗೆ ನಡೆದು ಹೋದ. ನನ್ನನ್ನು ನೋಡಿ ನಕ್ಕ ಜನಕ್ಕೆ ಲೆಕ್ಕವಿಲ್ಲ. ಆದರೆ ನನ್ನನ್ನು ನೋಡುತ್ತ ಒಲೆಯ ಮೇಲಿನ ಅನ್ನ ಮರೆತವರು ಒಬ್ಬರೂ ಇರಲಿಲ್ಲ.