ಮುಂದಿನ ಎಡಗಾಲಿ

ಹೆಣ್ಣು ನೋಡಲು ಬರುತ್ತಿದ್ದವರ ಕಾರು ಇನ್ನೂ ಬೀದಿಯ ತಿರುವಿನಲ್ಲಿರುವಾಗಲೇ ಶಿವಲೀಲಾಳ ಕಿವಿ ಚುರುಕಾಯಿತು. ಒಳಗೆ ಅವ್ವ ಉಪ್ಪಿಟ್ಟಿನ ಒಗ್ಗರಣೆಗೆ ನೀರು ಸುರಿಯುತ್ತಿದ್ದಳು. ಆ ಚುಂಯ್ ಸದ್ದನ್ನೂ ಮೀರಿ ಹೊರಗಿನದು ಸ್ಪಷ್ಟವಾಗಿ ಕೇಳಿಸಿತು. ಕ್ರೀ... ಕ್ರೀ... ಕ್ರೀ... ಗಾಲಿ ಒಂದು ಸುತ್ತು ಬಂದರೆ ಒಂದು ಸಲ.

"ಅಪ್ಪಾ, ಬ್ರೇಕ್ ಉಜ್ಜತೈತೆ."

"ಸುಮ್ನಿರು," ಎಂದರು ತಿಪ್ಪೇಶಪ್ಪ, ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ. "ನನಗೂ ಕೇಳಿಸ್ತು. ನೀನು ಇವತ್ತು ಬ್ರೇಕು, ಗೇರು ಅಂತ ಒಂದು ಮಾತು ಆಡಿದ್ರೆ ನೋಡು."

ನ್ಯಾಮತಿಯಲ್ಲಿ ತಿಪ್ಪೇಶಪ್ಪನವರ ಗ್ಯಾರೇಜು ಎಲ್ಲರಿಗೂ ಗೊತ್ತು. ಎರಡು ಬೀದಿ ಆಚೆ, ತಗಡಿನ ಶೆಡ್ಡು. ಮಗಳಿಗೆ ಎಂಟನೇ ವಯಸ್ಸಿನಲ್ಲಿ ಸ್ಪ್ಯಾನರ್ ಹಿಡಿಯಲು ಕಲಿಸಿದ್ದು ಅವರೇ, ಆಟೊಮೊಬೈಲ್ ಡಿಪ್ಲೊಮಾಕ್ಕೆ ಕಳಿಸಿದ್ದೂ ಅವರೇ. ಆರು ವರ್ಷದಿಂದ ಅರ್ಧ ಗ್ಯಾರೇಜನ್ನು ನಡೆಸುತ್ತಿದ್ದವಳು ಅವಳು. ಆದರೆ ಈ ಕೆಲಸ ಗೊತ್ತಾದ ಮೇಲೆ ಎರಡು ಸಂಬಂಧಗಳು ಹಿಂದೆ ಸರಿದಿದ್ದವು. ಒಬ್ಬರಂತೂ, "ಹುಡುಗಿ ಕೈ ನೋಡಿದ್ವಿ, ಉಗುರು ಕಪ್ಪಗೆ ಐತೆ" ಎಂದು ಮಧ್ಯವರ್ತಿಯ ಹತ್ತಿರ ಹೇಳಿ ಕಳಿಸಿದ್ದರು. ಹಾಗಾಗಿ ಈ ಸಲ ತಿಪ್ಪೇಶಪ್ಪ ಮಗಳ ವಿವರ ಬರೆದು ಕೊಡುವಾಗ ಉದ್ಯೋಗದ ಜಾಗದಲ್ಲಿ "ಮನೆಯಲ್ಲೇ ಇದ್ದಾಳೆ" ಎಂದು ಬರೆದಿದ್ದರು. ಅದನ್ನು ಓದಿ ಶಿವಲೀಲಾ ಎರಡು ದಿನ ಅಪ್ಪನ ಜತೆ ಮಾತು ಬಿಟ್ಟಿದ್ದಳು.

ಕಾರಿನಿಂದ ಮೂವರು ಇಳಿದರು. ಚಾಲಕನ ಸೀಟಿನಿಂದ ಇಳಿದವನು ಹುಡುಗ ಬಸವರಾಜ್, ಚನ್ನಗಿರಿಯ ಅಡಿಕೆ ಮಂಡಿಯಲ್ಲಿ ಕೆಲಸ. ಹಿಂದಿನಿಂದ ಅವನ ತಾಯಿ ಅನ್ನಪೂರ್ಣಮ್ಮ. ಪಕ್ಕದ ಸೀಟಿನಿಂದ ಸೋದರಮಾವ ಮಲ್ಲಿಕಾರ್ಜುನಪ್ಪ. ಅವರು ಹಿಂದೊಮ್ಮೆ ಎರಡು ಲಾರಿ ಇಟ್ಟಿದ್ದವರು. ಕೂರುವ ಮೊದಲೇ ಅದನ್ನು ತಿಳಿಸಿಬಿಟ್ಟರು.

"ದಾರೀಲಿ ಒಂಚೂರು ಸದ್ದು ಬಂತು ನೋಡ್ರಿ. ಬೇರಿಂಗ್ ಹೋಗೈತೆ. ನನಗೆ ಗಾಡಿ ವಿಷ್ಯ ಯಾರೂ ಹೇಳಾಕೆ ಬೇಕಾಗಿಲ್ಲ."

"ಹೌದೌದು," ಎಂದರು ತಿಪ್ಪೇಶಪ್ಪ, ಮಗಳ ಕಡೆ ನೋಡದೆ.

ಉಪ್ಪಿಟ್ಟಾಯಿತು, ಚಹಾ ಆಯಿತು. ಅನ್ನಪೂರ್ಣಮ್ಮ ಶಿವಲೀಲಾಳನ್ನು ಅಡುಗೆಯ ಬಗ್ಗೆ ಕೇಳಿದರು, ಅವಳು ತನಗೆ ಬರುವಷ್ಟನ್ನು ಹೇಳಿದಳು. ಬಹಳ ಹೊತ್ತೇನೂ ಹಿಡಿಯಲಿಲ್ಲ. ಆಮೇಲೆ ಯಾರೋ, ಹುಡುಗ ಹುಡುಗಿ ಹೊರಗೆ ಎರಡು ಮಾತಾಡಲಿ ಎಂದರು.

ಅಂಗಳದಲ್ಲಿ ನಿಂತು ಬಸವರಾಜ್ ಕರವಸ್ತ್ರ ಮಡಚಿದ, ಬಿಡಿಸಿದ. "ನಿಮಗೆ ಏನಿಷ್ಟ?" ಎಂದು ಕೊನೆಗೂ ಕೇಳಿದ.

ಶಿವಲೀಲಾಳ ಕಣ್ಣು ಕಾರಿನ ಮೇಲಿತ್ತು. ಇವರು ಮತ್ತೆ ಇದೇ ಗಾಡಿಯಲ್ಲಿ ಹೊನ್ನಾಳಿಯ ಸೇತುವೆ ದಾಟಿ, ಸಾಸ್ವೆಹಳ್ಳಿ ಮೇಲೆ ಅಷ್ಟು ದೂರ ಹೋಗಬೇಕು. ಹಿಂದಿನ ಸೀಟಿನಲ್ಲಿ ಆ ಹೆಂಗಸು ಕೂತಿರುತ್ತಾರೆ. ಅಪ್ಪನ ಮಾತು ನೆನಪಾಯಿತು. ಮೂರನೆಯದೂ ಹೋಗುತ್ತದೆ ಅನ್ನಿಸಿತು. ಹೋದರೆ ಹೋಗಲಿ.

"ಬ್ರೇಕ್ ಒತ್ತಿದಾಗ ಆ ಸದ್ದು ನಿಲ್ಲತೈತೋ, ಜಾಸ್ತಿ ಆಗತೈತೋ?"

ಬಸವರಾಜ್ ಕಣ್ಣು ಮಿಟುಕಿಸಿದ. "ಏನ್ರಿ?"

"ನಿಮ್ಮ ಗಾಡಿದು. ಯಾವಾಗಿಂದ ಬರ್ತೈತೆ?"

"ಹದಿನೈದು ದಿನ ಆತು. ಬ್ರೇಕ್ ಒತ್ತಿದ್ರೆ... ಕ್ರೀ ಅನ್ನೋದು ಗರ್ ಅನ್ನತೈತೆ. ನಿಜ ಹೇಳ್ತೀನಿ, ನಾನು ಹಾಡು ಜೋರಾಗಿ ಹಾಕ್ಕೊಂಡು ಬಿಡ್ತಿದ್ದೆ."

ಅವಳಿಗೆ ನಗು ತಡೆಯಲಾಗಲಿಲ್ಲ. "ಸ್ಟೇರಿಂಗ್ ಕೈ ಬಿಟ್ಟರೆ ಎಡಕ್ಕೆ ಎಳೀತೈತಾ?"

"ಹೌದು! ನಿಮಗೆ ಹೆಂಗೆ ಗೊತ್ತು?"

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದಿನ ಬಲಗಾಲಿಯ ಹತ್ತಿರ ಕೂತು ಅಂಗೈ ಒಡ್ಡಿದಳು. ಬೆಚ್ಚಗಿತ್ತು, ಅಷ್ಟೇ. ಎಡಗಡೆಗೆ ಹೋದಳು. "ಇಲ್ಲಿ ಕೈ ತರ್ರಿ. ಮುಟ್ಟಬ್ಯಾಡ್ರಿ, ಹತ್ರ ಅಷ್ಟೇ."

ಬಸವರಾಜ್ ಕೈ ಒಡ್ಡಿದವನೇ ಹಿಂದಕ್ಕೆಳೆದುಕೊಂಡ. ಗಾಡಿ ನಿಂತು ಇಪ್ಪತ್ತು ನಿಮಿಷವಾಗಿದ್ದರೂ ಒಲೆಯ ಮುಂದೆ ಹಿಡಿದಂತಿತ್ತು.

ಮಾತು ಮುಗಿಯಿತೇ ಎಂದು ನೋಡಲು ಹೊರಗೆ ಬಂದ ಹಿರಿಯರಿಗೆ ಕಂಡದ್ದು, ಹುಡುಗ ಹುಡುಗಿ ಇಬ್ಬರೂ ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕೂತಿರುವುದು.

"ಏನವ್ವಾ ಇದು?" ಎಂದರು ಅನ್ನಪೂರ್ಣಮ್ಮ.

"ಹಿಂಗೇ ಹೋದ್ರೆ ಅರ್ಧ ದಾರೀಲಿ ಬ್ರೇಕ್ ಕೈ ಕೊಡಬಹುದು ಅಮ್ಮಾ. ಬಿಚ್ಚಿ ನೋಡ್ಬೇಕು."

"ಬೇರಿಂಗು ಅಂತ ಹೇಳಿದ್ನಲ್ಲ," ಎಂದರು ಮಲ್ಲಿಕಾರ್ಜುನಪ್ಪ.

ಶಿವಲೀಲಾ ಅಪ್ಪನ ಕಡೆ ತಿರುಗಿದಳು. "ಅಪ್ಪಾ, ನಮ್ಮ ಜಾಕು, ನನ್ನ ಪೆಟ್ಟಿಗೆ ತರ್ತೀರಾ? ಈ ಕಾರಿನ ಬ್ರೇಕ್ ಪ್ಯಾಡು ಎರಡನೇ ಕಪಾಟಿನಲ್ಲಿ ಒಂದು ಸೆಟ್ ಐತೆ."

ತಿಪ್ಪೇಶಪ್ಪ ಬಂದವರ ಕಡೆ ಒಮ್ಮೆ ನೋಡಿ, ಕಿಸೆಯಿಂದ ಬೈಕಿನ ಕೀಲಿ ತೆಗೆದರು. "ನನ್ನ ಪೆಟ್ಟಿಗೆ" ಎನ್ನುವ ಮಾತನ್ನು ಇನ್ನು ಹೇಗೂ ಮುಚ್ಚಿಡಲು ಸಾಧ್ಯವಿರಲಿಲ್ಲ. ಬೈಕ್ ಹತ್ತಿ ಹೊರಟರು.

ಜಾಕ್ ಬಂತು, ಗಾಡಿ ಎದ್ದಿತು. ಶಿವಲೀಲಾ ಮೊದಲು ಗಾಲಿಯನ್ನು ಮೇಲೊಂದು ಕೆಳಗೊಂದು ಕೈಯಲ್ಲಿ ಹಿಡಿದು ಅಲುಗಾಡಿಸಿದಳು. ಅಲುಗಲಿಲ್ಲ.

"ಬೇರಿಂಗ್ ಹೋಗಿದ್ರೆ ಇಲ್ಲಿ ಲೊಡಲೊಡ ಅನ್ನಬೇಕಿತ್ತು ಮಾಮಾ. ನೀವೂ ನೋಡ್ರಿ."

ಮಲ್ಲಿಕಾರ್ಜುನಪ್ಪ ಪಂಚೆ ಎತ್ತಿ ಕಟ್ಟಿ ಶಕ್ತಿಯೆಲ್ಲ ಹಾಕಿ ಎಳೆದರು. ಗಾಲಿ ಕದಲಲಿಲ್ಲ. "ಹೂಂ," ಎಂದರು.

ಅವಳು ಗಾಲಿಯನ್ನು ಜೋರಾಗಿ ತಿರುಗಿಸಿದಳು. ಕ್ರೀ ಎಂದು ಅರ್ಧ ಸುತ್ತು ಬಂದು ನಿಂತಿತು. ಬಲಗಡೆಯದನ್ನು ಎತ್ತಿ ಅಷ್ಟೇ ಜೋರಿನಲ್ಲಿ ತಿರುಗಿಸಿದಾಗ ಸದ್ದಿಲ್ಲದೆ ನಾಲ್ಕು ಸುತ್ತು ಬಂತು. ಇನ್ನು ಯಾರಿಗೂ ಏನೂ ವಿವರಿಸಬೇಕಾಗಲಿಲ್ಲ.

ಎಡಗಾಲಿ ಬಿಚ್ಚಿದಾಗ ಕಾರಣ ಹೊರಬಿತ್ತು. ಬ್ರೇಕ್ ಬಿಟ್ಟ ಕೂಡಲೇ ಹಿಂದೆ ಸರಿಯಬೇಕಾದ ಭಾಗ ಸರಿಯುತ್ತಿರಲಿಲ್ಲ. ಅದು ಜಾರುವ ಪಿನ್ನು ತುಕ್ಕು ಹಿಡಿದು ಅಂಟಿಕೊಂಡಿತ್ತು. ಒಳಗಿನ ಪ್ಯಾಡು ದಿನವಿಡೀ ಉಜ್ಜಿ ಉಜ್ಜಿ ಹಪ್ಪಳದಷ್ಟು ತೆಳ್ಳಗಾಗಿತ್ತು. ಅದನ್ನು ಅವಳು ಬಸವರಾಜನ ಅಂಗೈ ಮೇಲಿಟ್ಟಳು.

"ಇಷ್ಟರ ಮೇಲೆ ಬಂದೀರಿ ನೀವು."

ಅವನು ಅದನ್ನು ಬೆರಳಲ್ಲಿ ತಿರುಗಿಸಿ ನೋಡಿದ. ತಾಯಿಯ ಕಡೆ ನೋಡಿದ. ಬಿಳಿ ಅಂಗಿಯ ತೋಳು ಮಡಚಿ, "ನಾನೇನು ಹಿಡೀಬೇಕು ಹೇಳ್ರಿ," ಎಂದ.

ಅವನು ಟಾರ್ಚ್ ಹಿಡಿದ, ನಟ್ಟುಗಳನ್ನು ತಟ್ಟೆಯಲ್ಲಿ ಜೋಪಾನ ಮಾಡಿದ. ಅವಳು ಪಿನ್ನನ್ನು ಉಜ್ಜಿ ಹೊಳಪು ಬರಿಸಿ ಗ್ರೀಸ್ ಹಚ್ಚಿದಳು, ಎರಡೂ ಕಡೆ ಹೊಸ ಪ್ಯಾಡು ಕೂರಿಸಿದಳು. ಮುಗಿಯುವ ಹೊತ್ತಿಗೆ ಅವಳ ರೇಷ್ಮೆ ಸೀರೆಯ ಅಂಚಿಗೂ ಅವನ ಅಂಗಿಗೂ ಒಂದೇ ಬಣ್ಣದ ಕಲೆ. ಇಬ್ಬರೂ ಸುರಹೊನ್ನೆ ಕಡೆಗೆ ಒಂದು ಸುತ್ತು ಹೋಗಿ ಬಂದರು. ಕಾರು ಬೆಕ್ಕಿನ ಹಾಗೆ ಸದ್ದಿಲ್ಲದೆ ಬಂದು ನಿಂತಿತು.

ಅನ್ನಪೂರ್ಣಮ್ಮ ಮಾತ್ರ ನಗಲಿಲ್ಲ. "ಹುಡುಗಿ ಮನೆಯಲ್ಲೇ ಇರ್ತಾಳೆ ಅಂತ ಬರೆದಿದ್ರಲ್ಲ ತಿಪ್ಪೇಶಪ್ಪನೋರೆ. ಯಾಕೆ ಸುಳ್ಳು ಹೇಳಿದ್ರಿ?"

ತಿಪ್ಪೇಶಪ್ಪ ನೆಲ ನೋಡಿದರು. "ತಪ್ಪಾತು ಅಕ್ಕಾ. ಅವಳ ಕೆಲಸಕ್ಕೆ ನಾಚಿಕೊಂಡಿದ್ದಲ್ಲ. ಇನ್ನೊಂದು ಸಲ ಯಾರಾದ್ರೂ ಅವಳ ಉಗುರಿನ ಮಾತಾಡೋದು ಕೇಳಾಕೆ ನನ್ನ ಕೈಲಿ ಆಗ್ತಿರಲಿಲ್ಲ."

ಶಿವಲೀಲಾ ಅಪ್ಪನನ್ನೇ ನೋಡಿದಳು. ಈ ಮಾತನ್ನು ಅವರು ಮನೆಯಲ್ಲಿ ಎಂದೂ ಆಡಿರಲಿಲ್ಲ.

"ಊರಿಗೆ ಹೋಗಿ ತಿಳಿಸ್ತೀವಿ," ಎಂದು ಹೇಳಿ ಅವರು ಹೊರಟರು. ಆ ಮಾತಿನ ಅರ್ಥ ಇವಳಿಗೆ ಈಗಾಗಲೇ ಎರಡು ಸಲ ಗೊತ್ತಾಗಿತ್ತು. ಸೀರೆ ನೆನೆಸಿಟ್ಟು, ಉಳಿದ ಉಪ್ಪಿಟ್ಟು ತಿಂದು ಮಲಗಿದಳು.

ಬುಧವಾರ ಹನ್ನೊಂದರ ಹೊತ್ತಿಗೆ ಗ್ಯಾರೇಜಿನ ಮುಂದೆ ಬಸವರಾಜ್ ಒಬ್ಬನೇ ನಿಂತಿದ್ದ. ಅವಳು ಗೂಡ್ಸ್ ಆಟೋ ಕೆಳಗಿದ್ದಳು. ಮೊದಲು ಕಂಡದ್ದು ಅವನ ಚಪ್ಪಲಿ.

"ಮತ್ತೇನಾತು ಗಾಡಿಗೆ?"

"ಗಾಡಿಗೇನೂ ಆಗಿಲ್ಲ. ಅವ್ವ ಕೇಳಿಕೊಂಡು ಬಾ ಅಂದಳು. ನಿಮಗೆ ನಾನು ಒಪ್ಪಿಗೆನಾ ಅಂತ."

ಶಿವಲೀಲಾ ನಿಧಾನವಾಗಿ ಹೊರಗೆ ಬಂದು ಕೈ ಒರೆಸಿಕೊಂಡಳು. "ನಿಮ್ಮ ಮಾಮಾ ಏನಂತಾರೆ?"

"ಬೇರಿಂಗೂ ಸ್ವಲ್ಪ ಹೋಗಿತ್ತು ಅಂತಾರೆ."

ಇಬ್ಬರೂ ನಕ್ಕರು. ಆಮೇಲೆ ಅವಳು ಗಂಭೀರವಾದಳು. "ನಾನು ಕೆಲಸ ಬಿಡೋದಿಲ್ಲ. ಅಪ್ಪನ್ನ ಪೂರಾ ಬಿಟ್ಟು ಚನ್ನಗಿರಿಗೆ ಬರಾಕೂ ಆಗಲ್ಲ."

"ಅಡಿಕೆ ಕೈಯಲ್ಲಿ ಹಿಡಿದು ಯಾವ ದರ್ಜೆ ಅಂತ ಹೇಳೋದೊಂದೇ ನನಗೆ ಗೊತ್ತಿರೋ ಕೆಲಸ. ನಾನೂ ಮಂಡಿ ಬಿಡೋದಿಲ್ಲ," ಎಂದ ಅವನು. "ಹೊನ್ನಾಳಿ ನಡುವೆ ಐತಲ್ಲ. ಅಲ್ಲಿ ಒಂದು ಮನೆ, ಒಂದು ಶೆಡ್ಡು ನೋಡಿದ್ರೆ ಹೆಂಗೆ?"

ಅವಳು ಎರಡು ದಿನ ಟೈಮ್ ಕೇಳಿದಳು. ಒಂದೇ ದಿನಕ್ಕೆ ಫೋನ್ ಮಾಡಿದಳು.

ಮದುವೆಗೆ ಒಂದು ತಿಂಗಳು ಇರುವಾಗಲೇ ಹೊನ್ನಾಳಿಯಲ್ಲಿ ಶೆಡ್ಡು ಸಿಕ್ಕಿತು. ಬೋರ್ಡನ್ನು ಪೇಂಟರಿಗೆ ಕೊಡದೆ ತಿಪ್ಪೇಶಪ್ಪ ತಾವೇ ಏಣಿ ಹತ್ತಿ ಬರೆದರು. "ಶಿವಲೀಲಾ" ಎನ್ನುವಷ್ಟಕ್ಕೇ ತಗಡಿನ ಮುಕ್ಕಾಲು ಭಾಗ ಮುಗಿದುಹೋಗಿ, "ಆಟೋ ವರ್ಕ್ಸ್" ಅನ್ನು ಮೂಲೆಯಲ್ಲಿ ಇಕ್ಕಟ್ಟಾಗಿ ಬರೆಯಬೇಕಾಯಿತು.