ಹೊಚ್ಚಹೊಸ ಹಳೇ ಟೈರು

ಪುಟ್ಟಿಯ ಎತ್ತರ ಐದಡಿ ಹತ್ತಂಗುಲ. ಹುಟ್ಟಿದಾಗ ಕರೆದ ಮುದ್ದಿನ ಹೆಸರು ಅವಳ ಜೊತೆ ಬೆಳೆಯಲಿಲ್ಲ, ಅಷ್ಟೆ. ಮನೆಯ ಹೊರಗೆ ಅವಳನ್ನು ಹಾಗೆ ಕರೆಯುವವರಿರಲಿಲ್ಲ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದರಿಂದ ಅಂಗಡಿಯವರು ಎದುರಿಗೆ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ತಕ್ಕಡಿಯಮ್ಮ ಎನ್ನುತ್ತಿದ್ದರು. ಎರಡೂ ಅವಳಿಗೆ ಕೇಳಿಸುತ್ತಿತ್ತು. ಎರಡಕ್ಕೂ ಅವಳು ತುಟಿ ಪಿಟಕ್ ಎನ್ನುತ್ತಿರಲಿಲ್ಲ.

ಅವಳ ಪರವಾಗಿ ಫಾರಂ ಮಾತಾಡುತ್ತಿತ್ತು. ತಕ್ಕಡಿಗೆ ಹೊಡೆದ ಮುದ್ರೆಯ ಅವಧಿ ಮುಗಿದಿದ್ದರೆ ಅವಳು ಫಾರಂ ತುಂಬಿ, ಹಾಳೆ ಹರಿದು ಕೊಟ್ಟು, ಕೆಂಪು ಚೀಟಿ ಕಟ್ಟುತ್ತಿದ್ದಳು. ‘ಮುದ್ರೆ ಹಳೇದಾದ್ರೇನು ಮೇಡಂ, ತೂಕ ಸರಿ ಇದೆಯಲ್ಲ’ ಎಂದು ಅಂಗಡಿಯವನು ಬಾಯಿ ಬಡಿದುಕೊಂಡರೆ, ಹಾಳೆಯ ಕೊನೆಯ ಸಾಲಿನ ಮೇಲೆ ಬೆರಳಿಡುತ್ತಿದ್ದಳು: ಆಕ್ಷೇಪಣೆಯಿದ್ದಲ್ಲಿ ಮೂವತ್ತು ದಿನಗಳೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು.

ಸೋಮವಾರದಿಂದ ಅವಳ ಮಳೆಗಾಲದ ತಪಾಸಣೆ. ಮೂರು ವಾರ, ಹನ್ನೊಂದು ಊರು, ಮಧ್ಯೆ ಎರಡು ಘಟ್ಟ. ಅಪ್ಪ ಓಡಿಸಿ ಬಿಟ್ಟುಕೊಟ್ಟ ದೊಡ್ಡ ಮೋಟಾರ್‌ಸೈಕಲ್ಲಿನ ಎರಡೂ ಬದಿಯ ಪೆಟ್ಟಿಗೆಗಳಲ್ಲಿ ನಲವತ್ತು ಕಿಲೋ ಹಿತ್ತಾಳೆಯ ತೂಕದ ಕಲ್ಲು. ಹಿಂದಿನ ಟೈರಿನ ನಡು ಸವೆದು ಚಪ್ಪಟೆಯಾಗಿ, ಗೆರೆಗಳೆಲ್ಲ ಮಾಯವಾಗಿದ್ದವು. ಹಿಂದಿನ ವಾರ ಒಂದು ಜಿಟಿಜಿಟಿ ಮಳೆಯಲ್ಲಿ ಗಾಡಿ ಅವಳನ್ನು ಕೇಳದೆಯೇ ಒಂದು ಗೇಣು ಪಕ್ಕಕ್ಕೆ ಜರುಗಿತ್ತು. ಅವತ್ತು ಅವಳು ಇಳಿದು, ಒಂದು ನಿಮಿಷ ನಿಂತು, ಮತ್ತೆ ಹತ್ತಿ ಬಂದಿದ್ದಳು. ಮನೆಯಲ್ಲಿ ಹೇಳಿರಲಿಲ್ಲ.

ಶನಿವಾರ ಬೆಳಿಗ್ಗೆ ಟೈರು ಅಂಗಡಿಗೆ ಹೋದಳು. ಅಂಗಡಿಯವನನ್ನು ಎಲ್ಲರೂ ಕರೆಯುತ್ತಿದ್ದದ್ದು ಗಾಳಿಯಣ್ಣ ಎಂದು. ಟೈರಿಗೆ ಹಾಕುವ ಗಾಳಿಗೆ ಬಂದ ಹೆಸರೋ ಬಾಯಿಯಿಂದ ಬಿಡುವ ಗಾಳಿಗೋ ಎಂದು ಯಾರೂ ವಿಚಾರಿಸಿರಲಿಲ್ಲ.

“ಮೂರು ಥರ ಇದೆ ತಂಗಿ,” ಎಂದ ಗಾಳಿಯಣ್ಣ. “ಇದು ಗಟ್ಟಿ ರಬ್ಬರು. ಇಪ್ಪತ್ತು ಸಾವಿರ ಕಿಲೋಮೀಟರು ಕಣ್ಮುಚ್ಚಿ ಓಡುತ್ತೆ. ಮಳೇಲಿ ಮಾತ್ರ ಕಣ್ಣು ಬಿಟ್ಕೊಂಡಿರಬೇಕು. ಇದು ಮೆತ್ತಂದು. ಒದ್ದೆ ನೆಲಕ್ಕೆ ಹಲ್ಲಿ ಥರ ಅಂಟುತ್ತೆ, ಎಂಟು ಸಾವಿರಕ್ಕೆ ಕೈ ತೊಳ್ಕೊಬೇಕು. ಇದು ನಡುವೆ ಗಟ್ಟಿ, ಎರಡು ಅಂಚೂ ಮೆತ್ತಗೆ. ನೆಟ್ಟಗೆ ಹೋಗುವಾಗ ಬಾಳಿಕೆ, ತಿರುವಲ್ಲಿ ಹಿಡಿತ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ.”

ಪುಟ್ಟಿ ಮೂರನೆಯದರ ಪಕ್ಕೆಯ ಮೇಲಿದ್ದ ನಾಲ್ಕು ಅಂಕಿಗಳನ್ನು ತೋರಿಸಿದಳು.

“ಅದು ಜಾತಕ. ಮೊದಲೆರಡು ಅಂಕಿ ವಾರ, ಕೊನೇ ಎರಡು ವರ್ಷ. ರಬ್ಬರು ಹಾಲಿದ್ದ ಹಾಗೆ ತಂಗಿ, ಕುಡೀಲಿ ಬಿಡ್ಲಿ, ಕೆಡೋದು ಕೆಡುತ್ತೆ. ಐದಾರು ವರ್ಷ ದಾಟಿದ್ರೆ ನನ್ನ ಶತ್ರುಗೂ ಹಾಕಲ್ಲ. ಶತ್ರುಗೆ ಬೇಕಾದ್ರೆ ಹಾಕ್ತೀನಿ.”

ಅವಳು ಅಳೆದೂ ಸುರಿದೂ ಮೂರನೆಯದನ್ನು ಎತ್ತಿಡಲು ಸನ್ನೆ ಮಾಡಿ ಮನೆಗೆ ಬಂದಳು. ಊಟಕ್ಕೆ ಕೂತಾಗ, “ಗಾಡಿಗೆ ಟೈರು ಹಾಕಿಸಬೇಕು,” ಎಂದಳು. ಅದು ಅವಳ ಆ ದಿನದ ಮೊದಲ ಪೂರ್ಣ ವಾಕ್ಯ, ಅದರಿಂದಲೇ ಎಲ್ಲ ಕೆಟ್ಟಿತು.

ಅಪ್ಪ ಅರ್ಧ ಊಟಕ್ಕೆ ಎದ್ದರು. ಮೂವತ್ತೈದು ವರ್ಷ ಸರಕಾರಿ ಉಗ್ರಾಣದಲ್ಲಿ ಸ್ಟೋರ್‌ಕೀಪರ್ ಆಗಿದ್ದವರು. ಕೊಡುವುದಕ್ಕಿಂತ ಇಡುವುದರಲ್ಲಿ ಅವರಿಗೆ ಹೆಸರಿತ್ತು. ಆ ಮನೆಯಲ್ಲಿ ಒಳ್ಳೆಯದೆಲ್ಲ ಮುಂದಕ್ಕೆ ಬೇಕೆಂದು ಎತ್ತಿಟ್ಟದ್ದು. ಒಳ್ಳೆಯ ತಟ್ಟೆಗಳು ಗಾಜಿನ ಬೀರುವಿನಲ್ಲಿದ್ದವು, ಊಟ ಸೊಟ್ಟ ತಟ್ಟೆಗಳಲ್ಲಿ ನಡೆಯುತ್ತಿತ್ತು. ಸೋಫಾದ ಪ್ಲಾಸ್ಟಿಕ್ ಹೊದಿಕೆ ಹರಿದಾಗ ಅಪ್ಪ ಹೊಸ ಪ್ಲಾಸ್ಟಿಕ್ ತಂದಿದ್ದರು.

ಅಟ್ಟದಿಂದ ಅವರು ಎರಡು ಗಂಟು ಇಳಿಸಿ, ಸುತ್ತಿದ ಬೆಡ್‌ಶೀಟ್ ಬಿಚ್ಚಿದರು. ಒಳಗೆ ಎರಡು ಟೈರು, ಮುಂದಿನದೊಂದು, ಹಿಂದಿನದೊಂದು. ಕನ್ನಡಿಯಂತೆ ಹೊಳೆಯುತ್ತಿದ್ದವು.

“ನೀನು ಕೆಲಸಕ್ಕೆ ಸೇರಿ ಗಾಡಿ ಓಡಿಸೋ ಕಾಲಕ್ಕೆ ಬೇಕಾಗುತ್ತೆ ಅಂತ ಅವತ್ತೇ ತಂದಿಟ್ಟೆ,” ಎಂದರು ಅಪ್ಪ. “ಪ್ರತಿ ತಿಂಗಳು ಮೊದಲನೇ ಭಾನುವಾರ ಎಣ್ಣೆ ಹಾಕಿ ಒರೆಸಿದೀನಿ. ನೋಡು, ಹನ್ನೊಂದು ವರ್ಷ. ಒಂದು ಗೆರೆ ಸವೆದಿಲ್ಲ.”

“ಅಟ್ಟದ ಮೇಲೆ ಮಲಗಿದ್ರೆ ನನ್ನ ಮಂಡಿನೂ ಸವೀತಿರಲಿಲ್ಲ,” ಎಂದರು ಅಮ್ಮ.

ಪುಟ್ಟಿ ಬಗ್ಗಿ ಪಕ್ಕೆಯ ಅಂಕಿ ನೋಡಿದಳು. ಹನ್ನೊಂದು ವರ್ಷದ ಹಿಂದಿನ ಮೂವತ್ತೆರಡನೇ ವಾರ. ಹೆಬ್ಬೆರಳಿನ ಉಗುರು ಒತ್ತಿದಳು. ಉಗುರೇ ಬಾಗಿತು.

“ಹೇಗಿದೆ?” ಎಂದರು ಅಪ್ಪ.

ಪುಟ್ಟಿ ಅವರ ಮುಖ ನೋಡಿದಳು. ಹನ್ನೊಂದು ವರ್ಷ ಎಂದರೆ ನೂರ ಮೂವತ್ತೆರಡು ಭಾನುವಾರ. ಊರಿನ ಅರ್ಧ ತಕ್ಕಡಿಗಳಿಗೆ ಕಣ್ಣು ಮಿಟುಕಿಸದೆ ಕೆಂಪು ಚೀಟಿ ಕಟ್ಟಿದ ಕೈ ಅವಳದು. ಈಗ ಸುಮ್ಮನೆ ಟೈರು ಸವರುತ್ತಿತ್ತು. ಹೂಂ ಎಂದರೆ ಸೋಮವಾರ ಘಟ್ಟದ ತಿರುವಿನಲ್ಲಿ ಈ ಕನ್ನಡಿಯ ಮೇಲೆ ನಲವತ್ತು ಕಿಲೋ ಹೊತ್ತು ಹೋಗಬೇಕು. ಊಹೂಂ ಎಂದರೆ ಅಪ್ಪನ ಮುಖ ನೋಡಬೇಕು. ಮಧ್ಯಾಹ್ನವೆಲ್ಲ ಅವಳು ಮೂರು ಸಲ ಅಪ್ಪನ ಕುರ್ಚಿಯ ಹತ್ತಿರ ಹೋಗಿ, ಮೂರು ಸಲವೂ ನೀರು ಕುಡಿದು ಬಂದಳು.

ಸಂಜೆ ಕಾಫಿಯ ಜೊತೆ ಅಪ್ಪನ ಮುಂದೆ ಒಂದು ಹಾಳೆ ಇಟ್ಟಳು. ಇಲಾಖೆಯ ಫಾರಮ್ಮೇ. ವಸ್ತು: ಟೈರು, ಎರಡು. ಮಾಲೀಕರು: ತಂದೆ. ಫಲಿತಾಂಶ: ತಿರಸ್ಕೃತ. ಕಾರಣ: ಅವಧಿ ಮೀರಿದೆ, ಗಡಸಾಗಿದೆ, ಮಳೆಗೆ ಅಪಾಯ.

ಅಪ್ಪ ಕನ್ನಡಕ ಹಾಕಿ ಎರಡು ಸಲ ಓದಿದರು. ಕೊನೆಯ ಸಾಲನ್ನು ಮೂರನೇ ಸಲ ಓದಿದರು. ಕಾಫಿ ಮುಟ್ಟದೆ ಕೋಣೆಗೆ ಹೋದರು. ಅರ್ಧ ಗಂಟೆಯ ನಂತರ ಬಂದು ಲಿಖಿತ ಆಕ್ಷೇಪಣೆಯೊಂದನ್ನು ಮಗಳ ಕೈಗೆ ಕೊಟ್ಟರು. ಮೂರು ಪ್ರತಿ, ನಡುವೆ ಕಾರ್ಬನ್. ಸದರಿ ಟೈರುಗಳನ್ನು ಒಂದು ದಿನವೂ ಬಳಸಿರುವುದಿಲ್ಲವಾದ್ದರಿಂದ ಹಳೆಯವೆಂದು ಪರಿಗಣಿಸಲು ಬರುವುದಿಲ್ಲ. ಉಭಯ ಪಕ್ಷಗಳ ಸಮಕ್ಷಮ ಮರುಪರೀಕ್ಷೆ ನಡೆಸಬೇಕಾಗಿ ಕೋರಿಕೆ.

“ಒಂದೇ ಸೂರಿನ ಕೆಳಗೆ ಇದ್ಕೊಂಡು ಅಪ್ಪ ಮಗಳು ಟಪಾಲಲ್ಲಿ ಮಾತಾಡ್ತೀರಲ್ಲ,” ಎಂದರು ಅಮ್ಮ. “ನನಗೊಂದು ಪ್ರತಿ ಕೊಡಿ. ಡಬ್ಬಿ ಕೆಳಗೆ ಹಾಸೋಕಾಗುತ್ತೆ.”

ಭಾನುವಾರ ಬೆಳಿಗ್ಗೆ ಮರುಪರೀಕ್ಷೆ. ಅಪ್ಪ ಒಂದೊಂದು ಹೆಗಲಿಗೆ ಒಂದೊಂದು ಟೈರು ಹೊತ್ತು ನಡೆದರು. ಉರುಳಿಸಿಕೊಂಡು ಹೋಗಿ ಎಂದರು ಅಮ್ಮ. ಉರುಳಿಸಿದರೆ ಸವೆಯುತ್ತದೆ ಎಂದರು ಅಪ್ಪ. ಪುಟ್ಟಿ ಗಾಡಿಯನ್ನು ತಳ್ಳಿಕೊಂಡು ಅವರ ಹಿಂದೆ ನಡೆದಳು.

ಗಾಳಿಯಣ್ಣ ಪೂರ್ತಿ ವಿಷಯ ಕೇಳಿ, ಜೀವನದಲ್ಲಿ ಮೊದಲ ಸಲ ಸುಮ್ಮನೆ ಎರಡು ಸ್ಟೂಲು ಹಾಕಿದ.

ಅಪ್ಪ ಮೊದಲು ಗೆರೆಗಳ ಆಳ ಅಳೆಸಿದರು. ಪೂರಾ ಎಂಟು ಮಿಲಿಮೀಟರ್. “ಬರ್ಕೊ,” ಎಂದರು ಮಗಳಿಗೆ. ಅವಳು ಬರೆದುಕೊಂಡಳು.

“ಗೆರೆ ಇರೋದು ನೀರು ಹೊರಗೆ ಹಾಕೋಕೆ ಸಾರ್,” ಎಂದ ಗಾಳಿಯಣ್ಣ. “ನೆಲ ಹಿಡಿಯೋದು ರಬ್ಬರು. ಇದು ಚರಂಡಿ ಚೆನ್ನಾಗಿರೋ ಮನೆ, ಒಳಗೆ ಯಾರೂ ವಾಸ ಇಲ್ಲ.”

“ಅದನ್ನ ಅಳತೆ ಹೇಳಲಿ. ನೀವು ಹೇಳಬೇಡಿ.”

ಗಡಸುತನ ಅಳೆಯುವ ಮಾಪಕ ಜೇಬಿನ ಗಡಿಯಾರದಷ್ಟಿತ್ತು. ಪುಟ್ಟಿ ಅದರ ಮುಳ್ಳು ಸೊನ್ನೆಯಲ್ಲಿ ನಿಲ್ಲುತ್ತದೆಯೇ ಎಂದು ನೋಡಿದಳು. ಹೊಸ ಟೈರಿನ ಮೂರು ಕಡೆ ಒತ್ತಿದಳು: ಅರವತ್ತೆರಡು, ಅರವತ್ತೊಂದು, ಅರವತ್ತೆರಡು. ಅಪ್ಪನ ಟೈರಿನ ಮೂರು ಕಡೆ ಒತ್ತಿದಳು: ಎಂಬತ್ತಾರು, ಎಂಬತ್ತೇಳು, ಎಂಬತ್ತಾರು. ಅಪ್ಪ ಮಾಪಕ ಇಸಿದುಕೊಂಡು ತಾವೇ ನಾಲ್ಕನೇ ಕಡೆ ಒತ್ತಿದರು. ಎಂಬತ್ತೆಂಟು.

ಗಾಳಿಯಣ್ಣ ಅಂಗಡಿ ಮುಂದಿನ ಕಲ್ಲು ಚಪ್ಪಡಿಗೆ ಒಂದು ಬಕೆಟ್ ನೀರು ಹೊಯ್ದು, ಟೈರು ನಿಲ್ಲಿಸಿ, ಉರುಳದಂತೆ ಬಿಗಿಹಿಡಿದು, “ಕಾಲಲ್ಲಿ ಪಕ್ಕಕ್ಕೆ ತಳ್ಳಿ ಸಾರ್,” ಎಂದ. ಅಪ್ಪ ಚಪ್ಪಲಿಯ ತುದಿಯಿಂದ ತಳ್ಳಿದರು. ಟೈರು ಸೋಪಿನ ಹಾಗೆ ಚಪ್ಪಡಿಯ ಅಂಚಿನವರೆಗೂ ಜಾರಿಹೋಯಿತು. ಹೊಸದನ್ನು ತಳ್ಳಿದರು. ಅದು ಅಲ್ಲಾಡಲಿಲ್ಲ. ಮತ್ತೆ ತಳ್ಳಿದರು. ಮೂರನೇ ಸಲ ತಳ್ಳಿದಾಗ ಚಪ್ಪಲಿ ಕಳಚಿಕೊಂಡಿತು, ಟೈರು ಇದ್ದಲ್ಲೇ ಇತ್ತು.

ಅಪ್ಪ ಚಪ್ಪಲಿ ಮೆಟ್ಟಿಕೊಂಡು ಸ್ಟೂಲಿನ ಮೇಲೆ ಕೂತರು. ಜೇಬಿನಿಂದ ತಮ್ಮ ಆಕ್ಷೇಪಣೆಯ ಪ್ರತಿ ತೆಗೆದು, ಅಡ್ಡಲಾಗಿ ‘ಪರಿಶೀಲಿಸಿ ವಜಾ ಮಾಡಿದೆ’ ಎಂದು ಬರೆದು, ಸಹಿ ಹಾಕಿ, ತಾರೀಖು ಹಾಕಿದರು. ಆಮೇಲೆ ಕೇಳಿದರು:

“ನಾನು ಎಣ್ಣೆ ಒರೆಸಿದ್ದು... ಅದರಿಂದ ಏನಾದ್ರೂ ಆಯ್ತಾ?”

ಗಾಳಿಯಣ್ಣ ಬಾಯಿ ತೆರೆದು ಪುಟ್ಟಿಯನ್ನು ನೋಡಿದ. ಎಣ್ಣೆ ರಬ್ಬರನ್ನು ಹೇಗೆ ತಿನ್ನುತ್ತದೆ ಎಂದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

“ಇಲ್ಲಪ್ಪ,” ಎಂದಳು ಪುಟ್ಟಿ. “ವಯಸ್ಸಾಯ್ತು, ಅಷ್ಟೆ. ನೀವು ನೋಡ್ಕೊಂಡಿದ್ದಕ್ಕೆ ಇಷ್ಟಾದ್ರೂ ಇದೆ.”

ಆರು ವರ್ಷದ ನೌಕರಿಯಲ್ಲಿ ಅವಳು ಬಿಟ್ಟುಕೊಟ್ಟ ಮೊದಲ ಗ್ರಾಂ ಅದು.

ಅಪ್ಪ ತಲೆಯಾಡಿಸಿದರು. “ಇವನ್ನ ಕುಯ್ದುಹಾಕಿ,” ಎಂದರು ಗಾಳಿಯಣ್ಣನಿಗೆ. “ತಿರಸ್ಕರಿಸಿದ ಮಾಲು ಸುಮ್ನೆ ಬಿದ್ದಿರಬಾರದು. ಯಾರಾದ್ರೂ ಹಾಕ್ಕೊಂಡುಬಿಡ್ತಾರೆ.” ನಂತರ ಅಂಗಡಿಯ ಮೂರು ಥರದ ಟೈರುಗಳ ಮುಂದೆ ನಿಂತು, ಇಪ್ಪತ್ತು ಸಾವಿರ ಕಿಲೋಮೀಟರು ಓಡುವ ಗಟ್ಟಿಯದನ್ನು ಮುಟ್ಟಿದರು. “ಹಾಗಾದ್ರೆ ಇದು.”

ಎತ್ತು ಏರಿಗೆ, ಕೋಣ ನೀರಿಗೆ. ಪುಟ್ಟಿ ಫಾರಂ ಪುಸ್ತಕ ಹುಡುಕಿದಳು. ಅದು ಮನೆಯಲ್ಲಿತ್ತು.

“ಅಪ್ಪ,” ಎಂದಳು. ಅವಳ ದನಿ ಅವಳಿಗೇ ದೊಡ್ಡದಾಗಿ ಕೇಳಿಸಿತು. “ಹೋದ ವಾರ ಗಾಡಿ ಜಾರಿತ್ತು. ಬೀಳಲಿಲ್ಲ. ಆದ್ರೆ ಹೆದರ್ಕೊಂಡೆ. ನನಗೆ ಅಂಚು ಮೆತ್ತಗಿರೋದೇ ಬೇಕು.”

ಅಪ್ಪ ಗಟ್ಟಿ ಟೈರಿನಿಂದ ಕೈ ತೆಗೆದರು. “ಅದು ಎಷ್ಟು ದಿನ ಬರುತ್ತೆ?”

“ಹನ್ನೆರಡು ಸಾವಿರ ಕಿಲೋಮೀಟರು,” ಎಂದಳು ಪುಟ್ಟಿ. “ಮಳೇಲೇ ಓಡಿಸಿದ್ರೆ ಎರಡು ಮಳೆಗಾಲ.”

“ಆಮೇಲೆ?”

“ಆಮೇಲೆ ಮುಗಿಯುತ್ತೆ.”

“ಮುಗೀಲಿ ಬಿಡು,” ಎಂದರು ಅಪ್ಪ, ಸ್ವಲ್ಪ ಕಷ್ಟಪಟ್ಟು. “ಹಾಕಿ ಇವರೇ.”

ಟೈರು ಕೂರಿಸಿ, ಗಾಳಿ ಹಾಕಿ, ಗಾಳಿಯಣ್ಣ ಕೊನೆಯ ಉಪದೇಶ ಕೊಟ್ಟ. ಹೊಸ ಟೈರಿನ ಮೈ ನುಣುಪು; ಮೊದಲ ನೂರೈವತ್ತು ಕಿಲೋಮೀಟರ್ ಮೆತ್ತಗೆ ಓಡಿಸಬೇಕು; ಎರಡೂ ಕಡೆ ಸ್ವಲ್ಪ ಸ್ವಲ್ಪವೇ ವಾಲಿಸಿ ಪಳಗಿಸಬೇಕು. ಅಪ್ಪ ಎಲ್ಲ ಕೇಳಿಸಿಕೊಂಡು ಹಿಂದಿನ ಸೀಟಿಗೆ ಹತ್ತಿದರು. “ನಡಿ, ಸಾಕ್ಷಿ ಇರಬೇಕಲ್ಲ.”

ತುಂತುರು ಹನಿಯುತ್ತಿತ್ತು. ನೀರಿನ ಟ್ಯಾಂಕಿನ ಸುತ್ತ ಖಾಲಿ ರಸ್ತೆಯಿತ್ತು. ಪುಟ್ಟಿ ಸೈಕಲ್ಲಿನ ವೇಗದಲ್ಲಿ ಬಲಕ್ಕೆ ತಿರುಗುತ್ತ ಒಂದು ಸುತ್ತು ಹಾಕಿದಳು, ಗಾಡಿ ಜರುಗಲಿಲ್ಲ. ಎರಡನೇ ಸುತ್ತಿನಲ್ಲಿ ಕೂದಲೆಳೆಯಷ್ಟು ಹೆಚ್ಚು ವಾಲಿಸಿದಳು. ಮೂರನೆಯದರಲ್ಲಿ ಇನ್ನಷ್ಟು. ಅಪ್ಪನ ಕೈ ಅವಳ ಹೆಗಲನ್ನು ಮೊದಲ ಸುತ್ತಿನಲ್ಲಿ ಹಿಡಿದಷ್ಟು ಬಿಗಿಯಾಗಿ ಈಗ ಹಿಡಿದಿರಲಿಲ್ಲ. ಅವರು ಸೊಂಟ ತಿರುಗಿಸಿ ಹಿಂದಿನ ಚಕ್ರವನ್ನೇ ಬಗ್ಗಿ ನೋಡುತ್ತಿದ್ದರು.

“ಬಲ ಅಂಚು ಆಯ್ತು,” ಎಂದರು. “ಎಡಗಡೆದು ಇನ್ನೂ ಹಾಗೇ ಹೊಳೀತಿದೆ.”

“ನಾಳೆ ದಾರೀಲಿ ಆಗುತ್ತಪ್ಪ.”

“ನಾಳೆಗೆ ಯಾಕೆ ಇಡ್ತೀಯ?”

ರಸ್ತೆ ಕೂಡುವಲ್ಲಿ ಪುಟ್ಟಿ ಗಾಡಿ ನಿಲ್ಲಿಸಿ ಎರಡೂ ಕಡೆ ನೋಡಿದಳು. ಮನೆಯಿದ್ದದ್ದು ಬಲಕ್ಕೆ. ಅವಳು ಎಡಕ್ಕೆ ವಾಲಿಸಿದಳು.